ಅಪ್ಪನಿಗೆ ಯಾರು ಹೇಳುವುದು?

ವಂಶದಲ್ಲಿ ಮೊದಲು ಬಿ.ಎ. ಪಾಸು ಮಾಡಿದವನ ಪಾಡು ಊರಿಗೆಲ್ಲ ಒಂದೇ ಇರುವ ಏಣಿಯ ಪಾಡು. ಯಾರ ಮನೆಯ ಹೆಂಚು ಜಾರಿದರೂ ಅದನ್ನೇ ಹೊತ್ತುಕೊಂಡು ಹೋಗುತ್ತಾರೆ. ಅದರ ಉದ್ದ ಸಾಕಾದೀತೇ ಎಂದು ಯಾರೂ ಅಳೆಯುವುದಿಲ್ಲ. ನಾನು ಓದಿದ್ದು ಚರಿತ್ರೆ. ಆದರೆ ನಮ್ಮ ಅಗರದ ಜನ ನನ್ನನ್ನು ಹಸು ಯಾಕೆ ಗಬ್ಬ ಕಟ್ಟಲಿಲ್ಲ ಎಂದು ಕೇಳಿದ್ದಾರೆ, ಔಷಧಿ ಸೀಸೆ ತಂದು ಇದು ಕುಡಿಯುವುದೋ ಹಚ್ಚುವುದೋ ಎಂದು ಕೇಳಿದ್ದಾರೆ. ಗೊತ್ತಿಲ್ಲ ಎನ್ನಲು ನನಗೂ ಬಾಯಿ ಬರುವುದಿಲ್ಲ. ಇದ್ದ ಒಂದೇ ಜೊತೆ ಬಟ್ಟೆಯನ್ನು ಒಗೆದು, ಹಸಿಯಾಗಿದ್ದರೂ ಅದನ್ನೇ ತೊಟ್ಟು ಕಾಲೇಜಿಗೆ ಹೋಗಿ ಗಳಿಸಿದ ಪದವಿ ಅದು. ಕೊಳ್ಳೇಗಾಲದ ಹೈಸ್ಕೂಲಿನಲ್ಲಿ ಮೇಷ್ಟ್ರಾದ ಕೂಡಲೇ ಬಾಡಿಗೆ ಮನೆಯ ಬಾಗಿಲಿಗೆ ಹಲಗೆ ಹೊಡೆಸಿ, ಹೆಸರಿಗಿಂತ ದಪ್ಪ ಅಕ್ಷರದಲ್ಲಿ ಪದವಿ ಬರೆಸಿದವನು ನಾನು.

ಅಂಥ ನನಗೆ ಒಂದು ಸಲ ಒಂದು ಮಾತು ಹೇಳಲಾಗಲಿಲ್ಲ. ಹೇಳಬೇಕಾಗಿದ್ದುದು ನನ್ನ ಅಪ್ಪನಿಗೆ.

ಅಪ್ಪನಿಗೆ ಆಗ ಎಪ್ಪತ್ತರ ಹತ್ತಿರ. ಸೊಂಟ ನೋವು ಎನ್ನುತ್ತಿದ್ದ. ಗದ್ದೆ ಕೆಲಸ ಮಾಡುವವರಿಗೆ ಸೊಂಟ ನೋಯದೆ ಕಿವಿ ನೋಯುತ್ತದೆಯೇ ಎಂದು ಎಲ್ಲರೂ ಸುಮ್ಮನಿದ್ದೆವು. ಒಂದು ದಿನ ಮೂತ್ರ ಕಟ್ಟಿಕೊಂಡು ಒದ್ದಾಡಿಬಿಟ್ಟ. ಗಾಡಿ ಕಟ್ಟಿ ಕೊಳ್ಳೇಗಾಲಕ್ಕೆ ತಂದೆವು. ಇಲ್ಲಿಯ ಆಸ್ಪತ್ರೆಯಲ್ಲಿ ನಳಿಕೆ ಹಾಕಿ ಬಿಡಿಸಿ, ಮೈಸೂರಿಗೆ ಹೋಗಿ ದೊಡ್ಡ ಡಾಕ್ಟರಿಗೆ ತೋರಿಸಿ ಎಂದರು. ಹೋದೆವು. ಆ ಡಾಕ್ಟರು ಅಪ್ಪನನ್ನು ಪರದೆಯ ಹಿಂದೆ ಮಲಗಿಸಿ, ಕೈಗೆ ರಬ್ಬರ್ ಚೀಲ ಏರಿಸಿಕೊಂಡು, ಬೆರಳಿನಲ್ಲಿ ಪರೀಕ್ಷೆ ಮಾಡಿದರು. ಎಲ್ಲಿ ಎಂದು ನಾನು ಬರೆಯುವುದಿಲ್ಲ. ಪರದೆಯಿಂದ ಹೊರಗೆ ಬಂದ ಅಪ್ಪ ನನ್ನ ಮುಖ ನೋಡಲಿಲ್ಲ. ಬಸ್ಸು ತಿರುಮಕೂಡಲು ದಾಟಿತು. ಆಮೇಲೆ ಕಿಟಕಿಯ ಕಡೆ ತಿರುಗಿಕೊಂಡೇ, ಅಷ್ಟು ಚಿಕ್ಕ ವಯಸ್ಸಿನ ಹುಡುಗನಿಗೆ ಎಂಥ ಕೆಲಸ ಕೊಟ್ಟಿದ್ದಾರೆ, ಅವರ ಅಪ್ಪ ಅಮ್ಮನಿಗೆ ಗೊತ್ತೋ ಇಲ್ಲವೋ ಎಂದ.

ಆದರೆ ಅದಕ್ಕೆ ಮೊದಲು ಆ ಡಾಕ್ಟರು ನನ್ನನ್ನು ಒಳಗೆ ಕರೆದು ಕೂರಿಸಿದ್ದರು. ನಾನು ಪದವೀಧರ ಎಂದು ತಿಳಿದ ಮೇಲೆ ಕನ್ನಡ ಬಿಟ್ಟು ಇಂಗ್ಲಿಷಿಗೆ ಹೊರಳಿಕೊಂಡರು. ಇಂಗ್ಲಿಷಿನಲ್ಲಿ ಆ ಮಾತುಗಳಿಗೆ ಮೈಯಿಲ್ಲ, ಮೈಯಿಲ್ಲದ್ದರಿಂದ ನಾಚಿಕೆಯೂ ಇಲ್ಲ. ನಾನು ತಲೆಯಾಡಿಸುತ್ತ ಎಲ್ಲವನ್ನೂ ಕೇಳಿಸಿಕೊಂಡೆ. ಮೂತ್ರದ ದಾರಿಯ ಬುಡದಲ್ಲಿ ಗಂಡಸರಿಗೆ ಮಾತ್ರ ಇರುವ ಒಂದು ಗ್ರಂಥಿ, ಅದರಲ್ಲಿ ಕ್ಯಾನ್ಸರ್, ಎಕ್ಸ್‌ರೇಯಲ್ಲಿ ಕಂಡಂತೆ ಸೊಂಟದ ಮೂಳೆಗೂ ಹಬ್ಬಿದೆ. ಆ ರೋಗಕ್ಕೆ ಮೇವು ಒದಗಿಸುವುದು ಗಂಡಸುತನದ ರಸ. ಅದನ್ನು ನಿಲ್ಲಿಸಿದರೆ ರೋಗ ಸೊರಗುತ್ತದೆ. ಅದಕ್ಕೆ ಬೀಜ ತೆಗೆಯುವುದು ಒಂದು ದಾರಿ. ಇಲ್ಲವೇ ದಿನವೂ ಹೆಂಗಸರ ಹಾರ್ಮೋನಿನ ಮಾತ್ರೆ. ಅದರಿಂದ ಎದೆ ಬೆಳೆಯುತ್ತದೆ, ಕಾಲು ಊದಬಹುದು, ಹೃದಯಕ್ಕೂ ಒಳ್ಳೆಯದಲ್ಲ. ಎರಡೂ ಬೇಡವೆಂದರೆ ನೋವಿಗೆ ಮದ್ದು ಕೊಡುತ್ತ ಸುಮ್ಮನಿರುವುದು. ಯಾವುದರಿಂದಲೂ ವಾಸಿಯಾಗುವುದಿಲ್ಲ, ಮೊದಲೆರಡರಲ್ಲಿ ಎರಡು ಮೂರು ವರ್ಷ ತಡೆಯಬಹುದು. ತಂದೆಯವರಿಗೆ ತಿಳಿಸಿ, ಅವರ ಮನಸ್ಸು ಕೇಳಿಕೊಂಡು ಬೇಗ ಬನ್ನಿ ಎಂದರು. ಎಷ್ಟು ಸಲೀಸಾಗಿ ಹೇಳಿಬಿಟ್ಟರು!

ಕೊಳ್ಳೇಗಾಲದ ನನ್ನ ಮನೆಗೆ ಬಂದ ಮೇಲೆ ಶುರುವಾಯಿತು ನನ್ನ ಪರೀಕ್ಷೆ. ನಮ್ಮ ಕಡೆ ಅಪ್ಪ ಮಗ ಕೂತು ಸೊಂಟದಿಂದ ಕೆಳಗಿನ ಮಾತಾಡುವ ಪದ್ಧತಿಯಿಲ್ಲ. ನನ್ನ ಮದುವೆ ನಿಶ್ಚಯವಾದದ್ದನ್ನೇ ಅಪ್ಪ ನನಗೆ ನೇರವಾಗಿ ಹೇಳದೆ, ನನಗೆ ಕೇಳಿಸುವಂತೆ ಎಮ್ಮೆಗೆ ಹೇಳಿದ್ದ. ಆದರೂ ಮೇಷ್ಟ್ರಲ್ಲವೇ, ದೃಷ್ಟಾಂತ ಕೊಟ್ಟು ಪಾಠ ಮಾಡೋಣವೆಂದು ಹೊರಟೆ. ಅಪ್ಪ, ಕೆರೆಯ ತೂಬು ಗೊತ್ತಲ್ಲ, ಅದರ ಬಾಯಿಗೆ ಹೂಳು ಕಟ್ಟಿದರೆ ನೀರು ಹರಿಯುವುದಿಲ್ಲ, ನಿನಗೂ ಹಾಗೇ ಆಗಿದೆ ಎಂದೆ. ಅಪ್ಪನಿಗೆ ಚೆನ್ನಾಗಿ ಅರ್ಥವಾಯಿತು. ಹಾಗಾದರೆ ಹೂಳು ತೆಗೆಸು ಎಂದ. ಅದಕ್ಕೆ ತೂಬಿಗೆ ಕೈ ಹಾಕುವುದಿಲ್ಲ ಅಪ್ಪ, ಬೇರೆ ಕಡೆ ಕುಯ್ಯುತ್ತಾರೆ ಎಂದೆ. ತೂಬು ಕಟ್ಟಿದರೆ ಬೇರೆ ಕಡೆ ಯಾಕೆ ಕುಯ್ಯಬೇಕು, ಎಲ್ಲಿ ಕುಯ್ಯುತ್ತಾರೆ ಎಂದು ಕೇಳಿದ. ನನ್ನ ಕೆರೆ ಅಲ್ಲಿಗೆ ಒಡೆಯಿತು. ವೀಳ್ಯದೆಲೆ ಮುಗಿದಿದೆ, ತಂದುಬಿಡುತ್ತೇನೆ ಎಂದು ಬೀದಿಗೆ ಬಂದೆ. ಆ ವಾರ ನಮ್ಮ ಮನೆಯಲ್ಲಿ ವೀಳ್ಯದೆಲೆ ಕೊಳೆಯುವಷ್ಟಿತ್ತು.

ಅಪ್ಪನ ಆರೈಕೆಗೆಂದು ಬಂದಿದ್ದ ಅವ್ವನ ಹತ್ತಿರ ಹೋದೆ. ಡಾಕ್ಟರು ಗಂಡಸರ ಭಾಗದಲ್ಲಿ ಎಂದು ಆರಂಭಿಸುವಷ್ಟರಲ್ಲೇ ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಒಲೆಯ ಕಡೆ ತಿರುಗಿ, "ನಿಮ್ ಮಾವನ್ಗೆ ಏಳ್ಕಳ್ಸು" ಎಂದಳು.

ಮಾದೇವ ಮಾವ ಅವ್ವನ ತಮ್ಮ, ಲೊಕ್ಕನಹಳ್ಳಿಯವನು. ಅಪ್ಪ ಮಗನ ನಡುವೆ ಇರುವ ಬೇಲಿ ಭಾವ ಭಾಮೈದರ ನಡುವೆ ಇಲ್ಲ. ಅವರು ಒಬ್ಬರನ್ನೊಬ್ಬರು ಏನು ಬೇಕಾದರೂ ಅನ್ನಬಹುದು. ಅನ್ನದಿದ್ದರೆ ಏನೋ ಮನಸ್ತಾಪ ಎಂದು ಊರು ತಿಳಿಯುತ್ತದೆ. ಲೊಕ್ಕನಹಳ್ಳಿ ಹಿಂದೆ ಮದ್ರಾಸಿಗೆ ಸೇರಿತ್ತು, ಅಗರ ಮೈಸೂರಿಗೆ. ಪರದೇಶದಿಂದ ಹೆಣ್ಣು ತಂದು ಕೆಟ್ಟೆ ಎಂದು ಅಪ್ಪ ಹಂಗಿಸಿದರೆ, ಮಹಾರಾಜರ ಸೀಮೆಯ ಗಂಡು ಎಂದು ನಂಬಿ ಕೊಟ್ಟೆವು, ಬಂದು ನೋಡಿದರೆ ಇದು ಎಂದು ಮಾವ ಬೆರಳು ತೋರಿಸುತ್ತಿದ್ದ. ಎರಡು ರಾಜ್ಯ ಒಂದಾದ ಮೇಲೂ ಇವರಿಬ್ಬರು ಒಂದಾಗಲಿಲ್ಲ.

ಮಾವ ರಾಗಿ ಹೊಲದ ಹಂದಿ ಕಾವಲನ್ನು ಪಕ್ಕದವನಿಗೆ ಒಪ್ಪಿಸಿ ಬಂದ. ಬಸ್ ಸ್ಟಾಂಡಿನಿಂದ ಮನೆಗೆ ನಡೆಯುತ್ತ ನಾನು ಎಲ್ಲವನ್ನೂ ಹೇಳಿದೆ. ಅವನಿಗೆ ಹೇಳುವಾಗ ನಾಲಿಗೆ ತೊಡರಲಿಲ್ಲ. ಮಾವ ಎರಡು ಬೀದಿ ನನಗಿಂತ ಮುಂದೆ ಮುಂದೆ ನಡೆದ. ಆಮೇಲೆ ಟವೆಲಿನಿಂದ ಮುಖ ಒರೆಸಿಕೊಂಡು, ಸರಿ ನಡಿ ಎಂದ. ಹೊಸಿಲು ದಾಟುತ್ತಲೇ ಅವನ ದನಿ ಬದಲಾಯಿತು.

"ಏನ್ ಬಾವ, ನೀನಿನ್ನೂ ಓರಿ ಅಂತ ಮೈಸೂರ್ ಡಾಕ್ಟ್ರು ಕಂಡಿಡ್ದವ್ರಂತೆ. ಬೀಜ ಒಡ್ದು ಎತ್ ಮಾಡ್ಬೇಕು ಅಂತವ್ರೆ."

ನಾನು ಅಡುಗೆಮನೆಗೆ ನುಗ್ಗಿ ಬಾಗಿಲ ಸಂದಿಯಲ್ಲಿ ನಿಂತೆ. ಅವ್ವ ಅಲ್ಲೇ ಇದ್ದಳು. ಅಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದವನು ಬೆರಳು ನಿಲ್ಲಿಸಿದ.

"ನಿಮ್ಮಕ್ಕನ್ನ ಕೇಳ್ದೇನ್ಲಾ?" ಎಂದ ಅಪ್ಪ.

"ಕೇಳ್ದೆ. ಎತ್ತಾದ್ರೂ ಸರಿಯೇ, ಕೊಟ್ಗೇಲಿದ್ರೆ ಸಾಕು ಅಂತು."

ಮಾವ ಕೇಳಿರಲಿಲ್ಲ, ಅವ್ವನ ಮುಖವನ್ನೇ ಇನ್ನೂ ನೋಡಿರಲಿಲ್ಲ. ಆದರೆ ಅವ್ವ ಇಲ್ಲ ಎನ್ನಲಿಲ್ಲ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಭುಜ ಕುಣಿಸುತ್ತಿದ್ದಳು. ನಗುತ್ತಿದ್ದಾಳೆಂದು ನಾನು ತಿಳಿದೆ. ಮೊದಲು ನಗುತ್ತಲೇ ಇದ್ದಳೇನೋ.

"ಇನ್ನೊಂದ್ ದಾರಿ ಅದೆ ಬಾವ. ದಿನಾ ಮಾತ್ರೆ ನುಂಗಾದು. ಆದ್ರೆ ಎದೆ ಬತ್ತದಂತೆ."

"ಯಾರ್ಗ್ಲಾ?"

"ನಿಂಗೇ."

ಅಪ್ಪ ಎಲೆ ಮಡಿಸಿ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದ. ನಾನು ಒಂದು ವಾರ ನಿದ್ದೆಗೆಟ್ಟು ತೂಗಿದ್ದೆ: ಹೃದಯದ ಭಯ ಒಂದು ಕಡೆ, ಚಾಕುವಿನ ಭಯ ಒಂದು ಕಡೆ, ಮೈಸೂರಿನಿಂದ ಮಾತ್ರೆ ತರಿಸುವ ತಾಪತ್ರಯ ಬೇರೆ. ಅಪ್ಪ ತೂಗಿದ ತಕ್ಕಡಿಯೇ ಬೇರೆ.

"ಪಂಚೆ ಒಳ್ಗಿಂದು ಓದ್ರೆ ಯಾವನ್ಗ್ಲಾ ಕಂಡದು? ಎದೆ ಬಂದ್ರೆ ಗದ್ದೆಗೆ ಇಳ್ಯಾದೆಂಗೆ, ಅಂಗಿ ಆಕಂಡಾ?"

ನಮ್ಮ ಕಡೆ ನಾಟಿ ಗದ್ದೆಗೆ ಅಂಗಿ ತೊಟ್ಟು ಇಳಿಯುವ ಗಂಡಸಿಲ್ಲ. ಅಲ್ಲಿಗೆ ತೀರ್ಮಾನವಾಯಿತು. ಬೇಕಾದರೆ ಅಕ್ಕನ ಕುಪ್ಪಸ ಕೊಡಿಸುತ್ತಿದ್ದೆ ಎಂದು ಮಾವ ಅಂದ, ನಿನ್ನ ಹೆಂಡತಿಯದು ತಾ, ಅದು ಅಳತೆಗೆ ಸರಿಹೋಗುತ್ತದೆ ಎಂದು ಅಪ್ಪ ಅಂದ. ಮುದುಕರಿಬ್ಬರೂ ಮುಸ್ಸಂಜೆಯವರೆಗೆ ನಕ್ಕರು. ಮೂರನೆಯ ದಾರಿಯನ್ನು ಮಾವ ಹೇಳಲೇ ಇಲ್ಲ. ರೋಗದ ಹೆಸರನ್ನೂ, ಅದು ವಾಸಿಯಾಗುವುದಿಲ್ಲ ಎಂಬುದನ್ನೂ ಹೇಳಲಿಲ್ಲ. ಅವಕ್ಕೆ ತಮಾಷೆ ಹುಡುಕಲು ಅವನಿಂದಲೂ ಆಗಲಿಲ್ಲ.

ಆಪರೇಷನ್ ಆಯಿತು. ಎರಡನೆಯ ದಿನವೇ ಸೊಂಟದ ನೋವು ಇಳಿಯಿತೆಂದು ಅಪ್ಪ ಎದ್ದು ಕೂತ. ನಾನು ಕಿತ್ತಳೆ ಸುಲಿದು ಕೊಡುತ್ತಿದ್ದೆ. ಅಪ್ಪ ಒಂದು ತೊಳೆಯನ್ನು ಕೈಯಲ್ಲೇ ಹಿಡಿದುಕೊಂಡು ಹೇಳಿದ:

"ಮಾದೇವ ಎಲ್ಲಾನೂ ನಗಾಡ್ಕಂಡ್ ಏಳ್ದ ಕಣ್ಲಾ ಮಗ. ನಗಾಡಕ್ಕಾಗ್ದೆ ಇರಾದು ಒಂದ್ ಉಳ್ಕಂಡದೆ. ಅದು ನಿನ್ ತಾವದೆ. ಏಳು."

ತರಗತಿಯಲ್ಲಿ ನಲವತ್ತು ಹುಡುಗರ ಮುಂದೆ ನಿಂತು ಸಾಮ್ರಾಜ್ಯಗಳ ಪತನದ ಕಾರಣಗಳನ್ನು ಸುಲಲಿತವಾಗಿ ವಿವರಿಸುವ ನಾನು ಮಂಚದ ಪಟ್ಟಿ ಹಿಡಿದುಕೊಂಡೆ. ನನ್ನ ಬಾಯಿಂದ ಬಂದದ್ದು ಪಾಠದ ಕನ್ನಡವಲ್ಲ, ಇಂಗ್ಲಿಷೂ ಅಲ್ಲ.

"ವಾಸಿ ಆಗಲ್ಲ ಕಣಪ್ಪ. ತಡೀತದೆ ಅಷ್ಟೆ. ಎಲ್ಡ್ ಮೂರ್ ವರ್ಸ."

ಅಪ್ಪ ತೊಳೆಯನ್ನು ಬಾಯಿಗೆ ಹಾಕಿಕೊಂಡ. ಬೀಜ ಉಗಿದ. "ಸರಿ ಬುಡು. ನಿನ್ ಬಾಯಲ್ಲಿ ಬಂತಲ್ಲ" ಎಂದ. ಇನ್ನೊಂದು ಸುಲಿ ಎಂಬಂತೆ ಕೈ ಚಾಚಿದ. ನಾನು ಸುಲಿದೆ, ಕಣ್ಣು ಕಾಣದೆ ಸಿಪ್ಪೆಯನ್ನೇ ಕೈಗಿಟ್ಟೆ.

ಅಪ್ಪ ಮತ್ತೆ ಗದ್ದೆಗೆ ಇಳಿದ, ಬರಿ ಮೈಯಲ್ಲೇ. ಮೈಸೂರಿನಲ್ಲಿ ಗಂಡಸರ ಆಪರೇಷನ್ ಎಂದರೆ ಊರಿಗೆ ಗೊತ್ತಿದ್ದದ್ದು ಒಂದೇ. ಈ ವಯಸ್ಸಿನಲ್ಲಿ ಕುಟುಂಬ ಯೋಜನೆ ಮಾಡಿಸಿಕೊಂಡನೆಂದು ಜನ ಬೆರಗಾದರು. ಅಪ್ಪ ತಿದ್ದಲಿಲ್ಲ, ಅವನ ನಡಿಗೆಗೆ ಸ್ವಲ್ಪ ಠೀವಿಯೂ ಬಂದಿತ್ತು. ಎರಡು ನಾಟಿ ಕಂಡ. ಮೂರನೆಯದಕ್ಕೆ ನೋವು ತಿರುಗಿ ಬಂತು, ಈ ಸಲ ಬಿಡಲಿಲ್ಲ. ಮಣ್ಣಿಗೆ ಬಂದ ಮಾವ ಅಪ್ಪನ ತಲೆಯ ಹತ್ತಿರ ಬಹಳ ಹೊತ್ತು ಕೂತಿದ್ದ. ಎದುರು ಉತ್ತರ ಕೊಡುವವನಿಲ್ಲದ ಮೇಲೆ ಅವನಿಗೆ ಒಂದು ಬೈಗುಳವೂ ಬರಲಿಲ್ಲ.

ಈಗ ನನ್ನ ಮಗ ಮೈಸೂರಿನಲ್ಲಿ ವಿಜ್ಞಾನ ಓದುತ್ತಿದ್ದಾನೆ. ಮೈಯ ಒಳಗಿನ ಎಲ್ಲದಕ್ಕೂ ಅವನಿಗೆ ಇಂಗ್ಲಿಷ್ ಹೆಸರು ಗೊತ್ತು. ಆದರೆ ರಜೆಗೆ ಬಂದಾಗ ಮೀಸೆ ಬೋಳಿಸಲು ನನ್ನ ಬ್ಲೇಡು ಬೇಕೆಂದು ಕೇಳಲು ಅವನಮ್ಮನನ್ನು ಕಳಿಸುತ್ತಾನೆ. ಮೊನ್ನೆ ಕೂತು ಯೋಚಿಸಿದೆ. ಹೆಣ್ಣು ನೋಡುವಾಗ ನಾನು ಪದವೀಧರನೆಂಬ ಜಂಬದಲ್ಲಿ ಹುಡುಗಿ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು ಎಂದು ಹಟ ಹಿಡಿದು ಗೆದ್ದಿದ್ದೆ. ಅವಳು ನಾಲ್ಕು ಜನ ಹೆಣ್ಣುಮಕ್ಕಳಲ್ಲಿ ಕೊನೆಯವಳು. ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ನಾಳೆ ನನಗೇನಾದರೂ ಆದರೆ ಹೇಳುವವರು ಯಾರು ಎಂದು ಅವಳನ್ನೇ ಕೇಳಿದೆ.

ಅವಳು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ತಲೆಯೆತ್ತದೆ, "ಹಂಗಾದ್ರೆ ನೀವು ಕಾಯಿಲೆ ಬೀಳ್ಬೇಡಿ" ಎಂದಳು.

ಪ್ರಯತ್ನ ಮಾಡುತ್ತಿದ್ದೇನೆ.