ನಮ್ಮ ಮನೆ ಮೊಟ್ಟೆ

ಯಾರ ಮನೆಯಲ್ಲೂ ಆಗದ್ದು ನಮ್ಮ ಮನೆಯಲ್ಲೇ ಯಾಕೆ ಆಗುತ್ತದೋ ದೇವರಿಗೇ ಗೊತ್ತು. ಕೇಳಿ ಕೇಳಿ ನನಗೂ ಸಾಕಾಗಿದೆ, ಬಹುಶಃ ಅವನಿಗೂ ಸಾಕಾಗಿದೆ.

ನಾವು ತುಮಕೂರು ಕಡೆಯ ಕ್ರೈಸ್ತರು. ನಮ್ಮ ಯಜಮಾನರಿಗೆ ಚೆನ್ನೈಯಲ್ಲಿ ರೈಲ್ವೆ ಕೆಲಸ. ಬಾಡಿಗೆ ಮನೆಗಳಲ್ಲಿ ಇದ್ದೂ ಇದ್ದೂ ಕೊನೆಗೆ ಮಾಧವರಂ ದಾಟಿ ಎರಡು ಗ್ರೌಂಡು, ಅಂದರೆ ನಮ್ಮ ಕಡೆಯ ಎರಡು ಸೈಟಿನಷ್ಟು ಜಾಗ ತೆಗೆದುಕೊಂಡೆವು. ಒಂದರಲ್ಲಿ ಮನೆ ಕಟ್ಟಿ ಇನ್ನೊಂದರಲ್ಲಿ ಎರಡು ತೆಂಗಿನ ಸಸಿ ನೆಟ್ಟು ಸುಮ್ಮನಿರೋಣ ಅಂತ ನನ್ನ ಲೆಕ್ಕ. ಆದರೆ ನಮ್ಮವರ ತಲೆಯ ಮೇಲೆ ಕೂದಲು ಉಳಿದಿಲ್ಲವಾದರೂ ತಲೆಯ ಒಳಗೆ ಯೋಜನೆಗಳಿಗೆ ಬರವಿಲ್ಲ.

"ಮಕ್ಕಳು ತಿನ್ನೋದನ್ನ ನಾವೇ ಬೆಳೀಬೇಕು ಕಣೇ. ದೇವರು ಮನುಷ್ಯನಿಗೆ ಮೊದಲು ಕೊಟ್ಟಿದ್ದೇ ತೋಟದ ಕೆಲಸ" ಅಂದರು.

"ಆ ತೋಟದಿಂದ ಗಂಡ ಹೆಂಡತಿ ಇಬ್ಬರನ್ನೂ ಹೊರಗೆ ಹಾಕಿದ್ದೂ ಜ್ಞಾಪಕ ಇರಲಿ" ಅಂದೆ.

ಕೇಳಲಿಲ್ಲ. ಕೋಳಿ ಬಂದವು, ಸೊಪ್ಪಿನ ಮಡಿ ಬಂತು, ಕುಂಬಳದ ಬಳ್ಳಿ ಬಂತು. ಮಾಧವರಂನಂಥ ಹಾಲಿನ ಡೈರಿ ಇರುವ ಊರಿನ ಪಕ್ಕದಲ್ಲಿ ಕೂತು ಹಾಲಿಗೆ ಅಂತ ಒಂದು ಆಡೂ ಬಂತು. ಇದೆಲ್ಲದರ ನಡುವೆ ಹದಿನಾಲ್ಕರ ಮಗಳು, ಏಳರ ಮಗ. ಇಬ್ಬರಿಗೂ ನನ್ನ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. ನನಗೋ ತಮಿಳು ಮಾತಾಡಲು ಮುಕ್ಕಾಲು ಬರುತ್ತದೆ, ಓದಲು ಒಂದಕ್ಷರವೂ ಬರುವುದಿಲ್ಲ. ನಮ್ಮ ಕಷ್ಟಕ್ಕೆಲ್ಲ ಮೂಲ ಆ ಉಳಿದ ಕಾಲು ಭಾಗ.

ಮಾಡಿ ಅಂದರು, ಮಾಡಿದೆ

ಇದು ಹದಿನಾರು ವರ್ಷದ ಹಿಂದಿನ ಮಾತು. ಮದುವೆಯಾಗಿ ಚೆನ್ನೈಗೆ ಬಂದು ಎರಡನೇ ದಿನ. ಒಗೆದ ಬಟ್ಟೆಯ ಬಕೆಟ್ಟು ಹಿಡಿದು, ಎಲ್ಲಿ ಒಣಗಿಸಲಿ ಅಂತ ಮನೆ ಓನರಮ್ಮನನ್ನು ಕೈಸನ್ನೆಯಲ್ಲೇ ಕೇಳಿದೆ.

"ಮೊಟ್ಟೈ ಮಾಡಿ ಮಾ, ಮೊಟ್ಟೈ ಮಾಡಿ" ಅಂದರು.

ಎಷ್ಟು ಮರ್ಯಾದಸ್ಥ ಹೆಂಗಸು, ಹೊಸಬಳಿಗೂ ಬಹುವಚನ ಕೊಡುತ್ತಾರಲ್ಲ ಅಂತ ಖುಷಿಯಾಯಿತು. ಬಕೆಟ್ಟು ಅಲ್ಲೇ ಇಟ್ಟು ಒಳಗೆ ಬಂದು, ಈರುಳ್ಳಿ ಹಸಿಮೆಣಸಿನಕಾಯಿ ಹೆಚ್ಚಿ, ನಾಲ್ಕು ಮೊಟ್ಟೆ ಒಡೆದು ಆಮ್ಲೆಟ್ ಮಾಡಿ ತಟ್ಟೆ ಮುಚ್ಚಿ ತೆಗೆದುಕೊಂಡು ಹೋಗಿ ಕೊಟ್ಟೆ. ಅವರು ಅಪ್ಪಟ ಸಸ್ಯಾಹಾರಿ. ಸಾಲದ್ದಕ್ಕೆ ಅವತ್ತು ಉಪವಾಸ ಬೇರೆ.

ಸಂಜೆ ನಮ್ಮವರು ಬಂದು ವಿವರಿಸಿದರು. "ಮಾಡಿ ಅಂದ್ರೆ ಮಹಡಿ. ಮೊಟ್ಟೈ ಅಂದ್ರೆ ಬೋಳು. ಮೊಟ್ಟೈ ಮಾಡಿ ಅಂದ್ರೆ ಮೇಲಿನ ತಾರಸಿ. ನಮ್ಮ ಮೊಟ್ಟೆಗೆ ಇಲ್ಲಿ ಮುಟ್ಟೈ ಅಂತಾರೆ."

"ಹಾಗಾದ್ರೆ ಬೋಳುತಲೆಗೆ?"

"ಅದಕ್ಕೂ ಮೊಟ್ಟೈ" ಅಂದರು, ಕನ್ನಡಿ ಮುಂದೆ ತಲೆ ಬಾಚುತ್ತ. ಆಗ ಅವರಿಗೆ ಬಾಚುವಷ್ಟು ಕೂದಲಿತ್ತು.

ಓನರಮ್ಮ ಆಮೇಲೆ ನಾವು ಆ ಮನೆ ಬಿಡುವವರೆಗೂ ನನ್ನ ಹತ್ತಿರ ಬಾಯಿ ಬಿಡಲಿಲ್ಲ. ಏನಿದ್ದರೂ ಬೆರಳು ತೋರಿಸುತ್ತಿದ್ದರು.

ನಂಬರ್ ಬಿದ್ದ ಕುಂಬಳಕಾಯಿ

ನಾವು ಹೋಗುವ ಚರ್ಚಿನ ತಮಿಳು ಸಭೆಯಲ್ಲಿ ವರ್ಷಕ್ಕೊಮ್ಮೆ ಬೆಳೆ ಹಬ್ಬ. ಅವರವರ ಮನೆಯಲ್ಲಿ ಬೆಳೆದದ್ದನ್ನು ತಂದು ಪೀಠದ ಮುಂದೆ ಇಡಬೇಕು. ಆರಾಧನೆ ಮುಗಿದ ಮೇಲೆ ಅದನ್ನೆಲ್ಲ ಹರಾಜು ಹಾಕುತ್ತಾರೆ. ಪಟ್ಟಣದಲ್ಲಿರುವವರು ಬೆಳೆಯುವುದೇನು, ಹೆಚ್ಚಿನವರು ಅಂಗಡಿಯಿಂದಲೇ ತರುತ್ತಾರೆ, ಯಾರೂ ಕೇಳುವುದಿಲ್ಲ. ಆದರೆ ನಮ್ಮವರು ವರ್ಷವಿಡೀ ಸಭೆಯ ಬಾಗಿಲಲ್ಲಿ ನಿಂತು ಸಿಕ್ಕವರಿಗೆಲ್ಲ "ನಮ್ಮ ತೋಟದ ಕುಂಬಳಕಾಯಿ ನೋಡ್ತಾ ಇರಿ" ಅಂತ ಹೇಳಿಕೊಂಡಿದ್ದರು.

ಬಳ್ಳಿ ಹೂ ಬಿಟ್ಟಿತು, ಹೂವೇ ಬಿಟ್ಟಿತು, ಕಾಯಿ ಕಚ್ಚಲೇ ಇಲ್ಲ. ಹಬ್ಬದ ಬೆಳಿಗ್ಗೆ ನಮ್ಮವರು ಸದ್ದಿಲ್ಲದೆ ಸ್ಕೂಟರ್ ತೆಗೆದು ಕೋಯಂಬೇಡಿನ ತರಕಾರಿ ಮಾರ್ಕೆಟ್ಟಿಗೆ ಹೋಗಿ ತೊಟ್ಟಿಲ ಮಗುವಿನಷ್ಟು ದೊಡ್ಡ ಕುಂಬಳಕಾಯಿ ತಂದರು. ನಾನೂ ಬಾಯಿ ಮುಚ್ಚಿಕೊಂಡೆ. ಅದೇ ನನ್ನ ತಪ್ಪು.

ಹರಾಜಿನಲ್ಲಿ ಅದನ್ನು ಹಿಡಿದವರು ಸಭೆಯಲ್ಲಿ ಎಲ್ಲರಿಗಿಂತ ಹಿರಿಯ ಅಜ್ಜಿ, ಎಲ್ಲರ ಬಾಯಲ್ಲೂ ಪಾಟಿ. ಕಣ್ಣು ಮಂದ, ಆದರೆ ಬೇಕಾದ್ದಕ್ಕೆ ಬಲು ಚುರುಕು. ಅವರು ಕಾಯನ್ನು ಸುಮ್ಮನೆ ಸವರುತ್ತಿದ್ದರು ಅಷ್ಟೆ. ನಾನೇ ಓಡಿಹೋಗಿ "ಇದು ಕೋಯಂಬೇಡಿಂದಲ್ಲ ಪಾಟಿ!" ಅಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಯಾರೂ ಕಳ್ಳ ಅನ್ನುವ ಮೊದಲೇ ಮುಟ್ಟಿಕೊಂಡಿದ್ದೆ.

ಪಾಟಿ ಕಾಯನ್ನು ಮೆಲ್ಲಗೆ ತಿರುಗಿಸಿದರು. ಹಿಂಭಾಗದಲ್ಲಿ ಮಂಡಿಯವನು ನೀಲಿ ಮಾರ್ಕರಿನಲ್ಲಿ ಬರೆದ ತೂಕ ಇತ್ತು.

"ನಿಮ್ಮ ತೋಟದಲ್ಲಿ ಕಾಯಿ ಬಿಡುವಾಗಲೇ ನಂಬರ್ ಬೀಳುತ್ತದಾ ಮಾ?" ಅಂತ ತಮಿಳಿನಲ್ಲಿ ಕೇಳಿದರು.

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅವತ್ತೇ ಮನೆಗೆ ಬಂದು ಶಪಥ ಮಾಡಿದೆ. "ಬರೋ ವರ್ಷ ನಮ್ಮ ಮನೇಲೇ ಆಗಿದ್ದು ಒಂದು ಬುಟ್ಟಿ ಅಲ್ಲಿ ಇಡಬೇಕು. ಆಗ್ಲಿಲ್ವೋ, ಕೋಳಿ, ಆಡು, ಬಳ್ಳಿ ಎಲ್ಲಾ ತೆಗೆಸಿ ಸಿಮೆಂಟ್ ಹಾಕಿಸ್ತೀನಿ." ನಮ್ಮವರು ಹೂಂ ಅಂದರು. ಬೇರೆ ದಾರಿ ಇರಲಿಲ್ಲ.

ಎಂಥ ಸೋಪು

ಆ ವರ್ಷ ಕುಂಬಳ ಬಿಟ್ಟು ಸೊಪ್ಪಿನ ಹಿಂದೆ ಬಿದ್ದೆವು. ಸೊಪ್ಪು ಚೆನ್ನಾಗಿಯೇ ಬಂತು. ಬೆಳಿಗ್ಗೆ ಸೊಪ್ಪಿನ ಪಲ್ಯ, ಮಧ್ಯಾಹ್ನ ಸೊಪ್ಪಿನ ಹುಳಿ. ಒಂದು ದಿನ ಮಗನ ಟೀಚರ್ ಫೋನ್ ಮಾಡಿದರು. ದನಿಯಲ್ಲಿ ಗಾಬರಿ.

"ಮೇಡಂ, ನಿಮ್ಮ ಮಗ ದಿನಾ ಮನೆಯಲ್ಲಿ ಸೋಪ್ಪು ತಿನ್ನುತ್ತಾನಂತೆ, ನಿಜವಾ?"

"ನಿಜ ಮಿಸ್. ತಿನ್ನಲ್ಲ ಅಂತ ಹಟ ಮಾಡ್ತಾನೆ, ನಾನೇ ಎರಡು ಏಟು ಹಾಕಿ ತಿನ್ನಿಸ್ತೀನಿ" ಅಂದೆ, ನನ್ನ ಮುಕ್ಕಾಲು ತಮಿಳಿನಲ್ಲಿ.

"ಅಂಗಡಿಯದಾ?"

"ಛೇ, ಅಂಗಡೀದು ಯಾಕೆ? ಮನೆಯಲ್ಲೇ ಬೆಳೀತೀವಿ. ದಂಟು, ಹರಿವೆ, ಬಸಳೆ."

"ಈ ಹೆಸರೆಲ್ಲ ಕೇಳಿಲ್ಲ. ಆಯುರ್ವೇದದ ಸೋಪಾ ಮೇಡಂ?"

ತಾಳ್ಮೆ

ನಮ್ಮ ಕೋಳಿಗಳಿಗೆ ಹೆಸರಿಟ್ಟವರು ಯಜಮಾನರು. ಮಕ್ಕಳಿಗೆ ಸದ್ಗುಣಗಳು ಬಾಯಿಪಾಠ ಆಗಲಿ ಅಂತ ಪ್ರೀತಿ, ಸಂತೋಷ, ಸಮಾಧಾನ, ತಾಳ್ಮೆ ಎಂದು ಇಟ್ಟರು. ಸಮಾಧಾನ ಬೆಳಗಾದರೆ ಉಳಿದವನ್ನೆಲ್ಲ ಕುಕ್ಕಿ ರಕ್ತ ಬರಿಸುತ್ತಿತ್ತು. ಸಂತೋಷಕ್ಕೆ ಸದಾ ಕಾಯಿಲೆ. ತಾಳ್ಮೆಯಂತೂ ಕಾಂಪೌಂಡು ಹಾರಿ ಓಡಿಹೋಗುವುದೇ ಕೆಲಸ. "ಅಮ್ಮಾ, ತಾಳ್ಮೆಯ ಕಾಣೋಂ!" ಅಂತ ಮಗ ದಿನಕ್ಕೆರಡು ಸಲ ಬೀದಿಗೆಲ್ಲ ಕೇಳುವಂತೆ ಸಾರುತ್ತಿದ್ದ. ಮೊಟ್ಟೆಯನ್ನೂ ಇಡದ ಆ ಕೋಳಿಯನ್ನು ಹುಡುಕಿ ಹುಡುಕಿ ನನ್ನ ಕಾಲು ಸವೆದವು.

ತಿಂಗಳಿಗೊಮ್ಮೆ ಕನ್ನಡದ ನಾಲ್ಕಾರು ಕುಟುಂಬ ಸೇರಿ ಪ್ರಾರ್ಥನೆ ಮಾಡುತ್ತೇವೆ. ಆ ಸಲ ನಮ್ಮ ಮನೆ. ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು ಪ್ರಾರ್ಥನೆ ನಡೆಸಲು ನಿಂತರು. ಅವರು ಬಂದಾಗಿನಿಂದ ನಾನು ಮಕ್ಕಳ ಮೇಲೆ, ಗಂಡನ ಮೇಲೆ, ಆಡಿನ ಮೇಲೆ ಕೂಗಾಡುವುದನ್ನು ಕೇಳಿಸಿಕೊಂಡಿದ್ದರು ಅಂತ ಕಾಣುತ್ತದೆ. ಕಣ್ಣು ಮುಚ್ಚಿ, "ಸ್ವಾಮೀ, ಈ ಸಹೋದರಿಗೆ ತಾಳ್ಮೆ ಕೊಡು. ಈ ಮನೆಯಲ್ಲಿ ತಾಳ್ಮೆ ಎಲ್ಲಿದೆ ಅಂತ ತೋರಿಸು" ಅಂತ ಕಳಕಳಿಯಿಂದ ಬೇಡಿದರು.

ನನ್ನ ಮಗ ಕಣ್ಣು ಬಿಟ್ಟು, ಅಡುಗೆಮನೆ ಕಡೆ ಕೈ ತೋರಿಸಿ, "ತಾಳ್ಮೆ ಕುಕ್ಕರ್ಲ ಇರುಕ್ಕು ಅಂಕಲ್" ಅಂದ.

ಸರಿಯಾಗಿ ಅದೇ ಹೊತ್ತಿಗೆ ಕುಕ್ಕರ್ ಸೀಟಿ ಹೊಡೆಯಿತು.

ಬೆಳೆ ಹಬ್ಬ

ಅಂತೂ ಹಬ್ಬ ಬಂತು. ಹಿಂದಿನ ಸಂಜೆ ಸೊಪ್ಪು ಕಿತ್ತು, ಕಟ್ಟು ಕಟ್ಟಿ, ನೀರು ಚಿಮುಕಿಸಿ, ಬಿದಿರಿನ ಬುಟ್ಟಿಯಲ್ಲಿ ಜೋಡಿಸಿ ವರಾಂಡದಲ್ಲಿ ಇಟ್ಟಿದ್ದೆ. ಮದುಮಗಳಂತೆ ಇತ್ತು ಬುಟ್ಟಿ. ಬೆಳಿಗ್ಗೆ ಎದ್ದು ನೋಡಿದರೆ ಸೊಪ್ಪಿಲ್ಲ. ಅರ್ಧ ಬುಟ್ಟಿಯೂ ಇಲ್ಲ. ಆಡು ಬಾಗಿಲಲ್ಲಿ ನಿಂತು ಬಿದಿರು ಅಗಿಯುತ್ತಿತ್ತು. ಬಂದಾಗಿನಿಂದ ಒಂದು ಲೋಟ ಹಾಲು ಕೊಡದ ಪ್ರಾಣಿ!

ನಾನು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ನಮ್ಮವರು ಮೆಲ್ಲಗೆ ಸ್ಕೂಟರ್ ಕೀಲಿ ತೆಗೆದರು.

"ಕೋಯಂಬೇಡು ಅಂದ್ರೆ ನೋಡಿ! ಆ ಪಾಟಿ ಮುಂದೆ ಇನ್ನೊಂದು ಸಲ ಕಳ್ಳಿ ಥರ ನಿಲ್ಲಲ್ಲ ನಾನು" ಅಂತ ಕಿರುಚಿದೆ.

ಆಗ ಜ್ಞಾಪಕ ಬಂದದ್ದು ಮೊಟ್ಟೆ. ತಾಳ್ಮೆ ಹೋದ ಮೇಲೆ ಪ್ರೀತಿ, ಸಮಾಧಾನ ಎರಡೂ ಬಿಡದೆ ಇಡುತ್ತಿದ್ದವು. ಇನ್ನೊಂದು ಬುಟ್ಟಿಗೆ ಹುಲ್ಲು ಹಾಸಿ ಹನ್ನೆರಡು ಮೊಟ್ಟೆ ಜೋಡಿಸಿ, ಮೇಲೆ ಬಿಳಿ ಬಟ್ಟೆ ಮುಚ್ಚಿದೆ. ಯಾವ ಮನೆಯ ಕಾಣಿಕೆ, ಏನು ಅಂತ ಚೀಟಿ ಬರೆದು ಕಟ್ಟುವುದು ನಮ್ಮ ಸಭೆಯ ಪದ್ಧತಿ, ಪಾಸ್ಟರ್ ಅದನ್ನು ಎಲ್ಲರಿಗೂ ಓದಿ ಹೇಳುತ್ತಾರೆ. ಮಗಳಿಗೆ ಪೆನ್ನು ಕೊಟ್ಟೆ.

"ಬರಿ. ಎಂಗ ವೀಟ್ಟು ಮೊಟ್ಟೈ. ಕರ್ತರುಕ್ಕು ಕಾಣಿಕ್ಕೈ."

"ಮೊಟ್ಟೈಯಾಮ್ಮಾ?"

"ಹೂಂ, ಮೊಟ್ಟೈ! ಹೇಳಿದ್ದನ್ನ ಹೇಳಿದ ಹಾಗೆ ಬರಿ. ಎಲ್ಲದಕ್ಕೂ ಎದುರು ಮಾತು!"

ಹದಿನಾಲ್ಕು ವರ್ಷದಲ್ಲಿ ಅವಳು ನನ್ನ ಮಾತು ಕೇಳಿದ್ದು ಅದೊಂದೇ ಸಲ.

ಸಭೆಯಲ್ಲಿ ನಮ್ಮ ಸರದಿ ಬಂತು. ನಮ್ಮವರು ಬುಟ್ಟಿ ಹಿಡಿದು ಮುಂದೆ ಹೋಗಿ ಭಕ್ತಿಯಿಂದ ತಲೆ ಬಾಗಿಸಿ ನಿಂತರು. ಮೇಲಿನ ಟ್ಯೂಬ್‌ಲೈಟ್ ತಲೆಯ ಮೇಲೆ ಬಿದ್ದು ಫಳಫಳ ಹೊಳೆಯಿತು. ಪಾಸ್ಟರ್ ಚೀಟಿ ಬಿಡಿಸಿ ಗಟ್ಟಿಯಾಗಿ ಓದಿದರು. "ನಮ್ಮ ಮನೆಯ ಬೋಳುತಲೆ, ಕರ್ತನಿಗೆ ಕಾಣಿಕೆ."

ಪಾಸ್ಟರ್ ಚೀಟಿ ನೋಡಿದರು, ನಮ್ಮವರ ತಲೆ ನೋಡಿದರು, ಮತ್ತೆ ಚೀಟಿ ನೋಡಿದರು. ಆಮೇಲೆ ಗಾಯನ ಮಂಡಳಿಯಿಂದ ಶುರುವಾದ ನಗು ಬಾಗಿಲವರೆಗೂ ಹೋಯಿತು. ಪಾಸ್ಟರ್ ಸ್ವತಃ ಸಭೆಗೆ ಬೆನ್ನು ಕೊಟ್ಟು ನಿಂತು ಅಂಗಿಯ ತೋಳಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ನಾನು ಮಗಳ ಕಡೆ ತಿರುಗಿದೆ. "ನೀ ಸೊನ್ನದುದಾನೇಮ್ಮಾ" ಅಂದಳು, ನೀನು ಹೇಳಿದ್ದೇ ತಾನೇ ಅಂತ.

ಹೋದ ವರ್ಷ ಕಳ್ಳಿಯಾಗಿದ್ದೆ, ಈ ವರ್ಷ ಹುಚ್ಚಿಯಾದೆ. ಸಿಮೆಂಟಿನವನಿಗೆ ಮನಸ್ಸಿನಲ್ಲೇ ಫೋನ್ ಮಾಡಿದ್ದೂ ಆಯಿತು.

ಅಷ್ಟರಲ್ಲಿ ಮುಂದಿನ ಸಾಲಿನಿಂದ ಅದೇ ಪಾಟಿ ಕೋಲೂರಿಕೊಂಡು ಎದ್ದರು. ನಗು ಅಡಗಿತು. ಪಾಟಿ ನೆಟ್ಟಗೆ ನಮ್ಮವರ ಹತ್ತಿರ ಹೋಗಿ, ಬುಟ್ಟಿಯನ್ನು ನೋಡದೆ, ಅವರ ತಲೆಯನ್ನು ಕುಂಬಳಕಾಯಿ ಸವರಿದಂತೆಯೇ ಹಿಂದೆ ಮುಂದೆ ಸವರಿ ಕೇಳಿದರು. "ನಂಬರ್ ಏನೂ ಕಾಣಿಸೋದಿಲ್ಲ. ಇದಾದರೂ ನಿಜವಾಗಿ ಮನೆಯದೇನಾ?"

ಬೈದರೂ ಎದುರಾಡದ ನನ್ನ ಗಂಡ, ತಲೆಯೆತ್ತಿ, ಇಡೀ ಸಭೆಗೆ ಕೇಳುವಂತೆ ಉತ್ತರ ಕೊಟ್ಟರು.

"ಸತ್ಯವಾಗಿ ಮನೆಯದೇ ಪಾಟಿ. ಮದುವೆಯಾದಾಗ ಇರಲಿಲ್ಲ. ಪೂರ್ತಿ ಇವಳ ಕೈಯಲ್ಲೇ ಆದದ್ದು."