ಸೈಕಲ್ಲಿನ ದೂರು ಮತ್ತು ಆರನೆಯ ಪ್ಯಾರಾ

ಹೊಸ ಸೈಕಲ್ಲಿನ ಮೇಲೆ ಮೊದಲ ಸವಾರಿ ಹೊರಟ ಅರ್ಜಿ ಮೇಷ್ಟ್ರು ಬೀದಿಯ ತಿರುವಿನಲ್ಲಿ ಹ್ಯಾಂಡಲನ್ನು ಬಲಕ್ಕೆ ತಿರುಗಿಸಿದರು. ಹ್ಯಾಂಡಲ್ ವಿಧೇಯವಾಗಿ ಬಲಕ್ಕೆ ತಿರುಗಿತು. ಚಕ್ರ ತಿರುಗಲಿಲ್ಲ. ಹ್ಯಾಂಡಲ್ಲಿನ ಅಭಿಪ್ರಾಯಕ್ಕೂ ತನಗೂ ಯಾವ ಸಂಬಂಧವೂ ಇಲ್ಲವೆಂಬಂತೆ ಅದು ನೆಟ್ಟಗೆ ಮುಂದುವರಿದು, ಕ್ಷೌರದ ಅಂಗಡಿಯ ಹೊಸ್ತಿಲು ದಾಟಿ, ಖಾಲಿ ಕುರ್ಚಿಗೆ ಮೂತಿ ತಾಗಿಸಿ ನಿಂತಿತು. ಪಕ್ಕದ ಕುರ್ಚಿಯಲ್ಲಿ ಮುಖದ ತುಂಬ ಸೋಪು ಹಚ್ಚಿಸಿಕೊಂಡಿದ್ದವರೊಬ್ಬರು ಕನ್ನಡಿಯಲ್ಲೇ ಇವರನ್ನು ನೋಡಿದರು. ಕ್ಷೌರಿಕ ಕತ್ತಿ ಎತ್ತಿದವನು ಎತ್ತಿದಂತೆಯೇ ನಿಂತ.

ಸೈಕಲ್ಲು ಕೆಟ್ಟಿದೆ ಎಂದು ಹೇಳಿಬಿಡಬಹುದಿತ್ತು. ಆದರೆ ಕೊಂಡು ಒಂದು ಗಂಟೆಯೂ ಆಗಿರಲಿಲ್ಲ. ಮೇಷ್ಟ್ರು ಇಳಿದು, ಖಾಲಿ ಕುರ್ಚಿಯಲ್ಲಿ ಗಂಭೀರವಾಗಿ ಕುಳಿತು, "ಸ್ವಲ್ಪ ಸಣ್ಣಗೆ ಮಾಡಪ್ಪಾ" ಎಂದರು.

"ನಿನ್ನೆ ತಾನೇ ಮಾಡಿದ್ನಲ್ಲ ಸಾರ್."

"ಬೇಗ ಬೆಳೀತು."

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಗ್ರಾಹಕರ ದೂರು ಕಚೇರಿಯ ಮೆಟ್ಟಿಲ ಕೆಳಗೆ ಮಡಚುವ ಮೇಜು ಹಾಕಿಕೊಂಡು, ಬಂದವರಿಗೆಲ್ಲ ಅರ್ಜಿ ಬರೆದುಕೊಡುವುದು ಅವರ ಕಸುಬು. ಎರಡೂ ಎಡಗಾಲಿನವೇ ಆಗಿದ್ದ ಚಪ್ಪಲಿ ಜೋಡಿ, ಒಗೆಯುತ್ತ ಒಗೆಯುತ್ತ ಬಚ್ಚಲಿನಿಂದ ಪಡಸಾಲೆಗೆ ನಡೆದು ಬಂದ ಬಟ್ಟೆ ಒಗೆಯುವ ಯಂತ್ರ, ಎಲ್ಲಕ್ಕೂ ಅವರ ಲೇಖನಿಯಿಂದ ನ್ಯಾಯ ಸಿಕ್ಕಿತ್ತು. ಅಂಥವರು ಸೈಕಲ್ ಕೆಟ್ಟಿದೆ ಎನ್ನಲು ಹೆದರಿದ್ದಕ್ಕೆ ಕಾರಣ ಅಂಗಡಿಯಲ್ಲಿರಲಿಲ್ಲ, ಮನೆಯಲ್ಲಿತ್ತು.

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಬಕೆಟ್ಟಿನಿಂದ ಹಿಡಿದು ಬೀರುವಿನವರೆಗೆ, ಅವರ ಒಳಬನಿಯನ್ನೂ ಸೇರಿಸಿ, ಎಲ್ಲವನ್ನೂ ಕೊಂಡವರು ಅವರ ಹೆಂಡತಿ. ಮೇಷ್ಟ್ರು ಸ್ವತಂತ್ರವಾಗಿ ಕೊಂಡದ್ದು ಒಂದೇ ಒಂದು ಕೊಡೆ. ಅದು ಬಿಚ್ಚಿಕೊಂಡದ್ದು ಇಂದಿಗೂ ಮುಚ್ಚಿಕೊಂಡಿಲ್ಲ. ಬೀರುವಿನ ಮೇಲೆ ಅರಳಿಕೊಂಡು ಕುಳಿತಿದೆ. ಆದ್ದರಿಂದ ಸೈಕಲ್ ಕೊಳ್ಳುವ ಮಾತು ಬಂದಾಗ, ಹೊಲಿಗೆ ಯಂತ್ರದ ಮುಂದಿದ್ದ ಹೆಂಡತಿ ಸೂಜಿಗೆ ದಾರ ಪೋಣಿಸುತ್ತ ತಣ್ಣಗೆ ಹೇಳಿದ್ದರು:

"ಆಗಲಿ, ನೀವೇ ಹೋಗಿ ತನ್ನಿ. ಆದರೆ ಇದೂ ಕೊಡೆ ಥರ ಆಯ್ತು ಅಂದ್ರೆ, ಇನ್ನು ಮೇಲೆ ನಿಮ್ಮ ಕೈಲಿ ಉಪ್ಪಿನ ಪೊಟ್ಟಣವನ್ನೂ ತರಿಸಲ್ಲ."

ಹೀಗೆ ಆ ಎರಡು ಚಕ್ರಗಳ ಮೇಲೆ ಮೇಷ್ಟ್ರು ಮಾತ್ರವಲ್ಲ, ಅವರ ಕೊಳ್ಳುವ ಸ್ವಾತಂತ್ರ್ಯವೂ ಕುಳಿತಿತ್ತು.

ಸೈಕಲ್ಲನ್ನು ನೂಕಿಕೊಂಡು ಮನೆಗೆ ಬಂದಾಗ ಹೆಂಡತಿ ಮೊದಲು ನೋಡಿದ್ದು ಸೈಕಲ್ಲನ್ನಲ್ಲ.

"ಇದೇನ್ರೀ ಇದು ತಲೆ? ನಿನ್ನೆ ಕೂದಲು ಕತ್ತರಿಸಿಕೊಂಡ್ರಿ, ಇವತ್ತು ಬುಡಸಮೇತ ಕೊಟ್ಟು ಬಂದಿದೀರಾ?"

"ಸೆಖೆ ಕಣೇ."

"ಸೆಖೆಗೆ ಸೈಕಲ್ ನೂಕಿಕೊಂಡು ಬಂದ್ರಾ?" ಎಂದು ಎದ್ದು ಹೊರಗೆ ಹೋದರು. ಹ್ಯಾಂಡಲನ್ನು ಅತ್ತ ತಿರುಗಿಸಿದರು, ಇತ್ತ ತಿರುಗಿಸಿದರು. ಚಕ್ರ ಧ್ಯಾನಸ್ಥವಾಗಿತ್ತು. "ರೀ, ಇದಕ್ಕೆ ತಲೆ ಒಂದು ಕಡೆ, ಕಾಲು ಇನ್ನೊಂದು ಕಡೆ. ನಿಮಗೆ ಹೇಳಿ ಮಾಡಿಸಿದ ಹಾಗಿದೆ."

"ಒಂದು ಸುತ್ತು ಬಿಗಿ ಮಾಡಿದ್ರೆ ಸರಿಹೋಗುತ್ತೆ. ಹೊಸದು, ಕೂಡಿಕೊಳ್ಳೋಕೆ ಸಮಯ ಬೇಕು."

"ಕೊಡೆಗೂ ಹೀಗೇ ಅಂದಿದ್ರಿ. ಹನ್ನೊಂದು ವರ್ಷ ಆಯ್ತು. ಭಾನುವಾರದವರೆಗೆ ನೋಡ್ತೀನಿ. ಆಗಲಿಲ್ಲ ಅಂದ್ರೆ ಸೋಮವಾರ ನಾನೇ ಹೋಗ್ತೀನಿ ಅಂಗಡಿಗೆ."

ಆಮೇಲೆ ಮೇಷ್ಟ್ರಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಹಲ್ಲುಜ್ಜುವಾಗ ಒಮ್ಮೆ, ಊಟದ ನಡುವೆ ಎದ್ದು ಒಮ್ಮೆ, ಹೊರಗೆ ಹೋಗಿ ಎಡಗೈಯಲ್ಲಿ ಹ್ಯಾಂಡಲ್ ಅಲ್ಲಾಡಿಸಿ ಬರುತ್ತಿದ್ದರು. ಮೂರು ದಿನದಲ್ಲಿ ಮೂರು ಸಲ ಅಂಗಡಿಗೆ ನೂಕಿಕೊಂಡು ಹೋದರು. ಅಂಗಡಿಯವನು ಮೂರು ಸಲವೂ ಸ್ಪ್ಯಾನರ್ ಹಿಡಿದು ಬಿಗಿ ಮಾಡಿಕೊಟ್ಟ. ಅದು ಮೂರು ಸಲವೂ ಮನೆ ಮುಟ್ಟುವ ಮೊದಲೇ ಸಡಿಲವಾಯಿತು.

"ಸಾರ್, ನೀವು ಹ್ಯಾಂಡಲನ್ನ ಜೋರಾಗಿ ತಿರುಗಿಸ್ತೀರಿ. ಹೊಸ ಗಾಡಿ, ನಯವಾಗಿ ತಿರುಗಿಸಬೇಕು."

"ಸೈಕಲ್ಲಿಗೆ ದಮ್ಮಯ್ಯ ಅಂತ ಹೇಳಿ ತಿರುಗಿಸಬೇಕೇನಪ್ಪಾ? ಬೇರೆ ಸೈಕಲ್ ಕೊಡು."

ಅಂಗಡಿಯವನು ಗೋಡೆಯ ಕಡೆ ಗದ್ದ ತೋರಿಸಿದ. 'ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ' ಎಂಬ ಬೋರ್ಡು ಅಲ್ಲಿತ್ತು. ಆ ಬೋರ್ಡನ್ನು ನೋಡಿದ್ದೇ ಮೇಷ್ಟ್ರ ಒಳಗಿನ ಕಸುಬುದಾರ ಎಚ್ಚರಗೊಂಡ. ಮಾಲಿನಲ್ಲಿ ದೋಷವಿದ್ದರೆ ಸರಿಮಾಡಿ ಕೊಡಬೇಕು, ಆಗದಿದ್ದರೆ ಬದಲಿ ಕೊಡಬೇಕು, ಅದೂ ಇಲ್ಲವಾದರೆ ಹಣ ಹಿಂದಿರುಗಿಸಬೇಕು; ಅಂಥ ಬೋರ್ಡು ಗೋಡೆಯ ಬಿರುಕು ಮುಚ್ಚಬಲ್ಲದೇ ಹೊರತು ಮಾಲಿನ ಬಿರುಕನ್ನಲ್ಲ ಎಂದು ಅವರು ಊರಿಗೆಲ್ಲ ಬರೆದುಕೊಟ್ಟಿದ್ದರು. (ಊರಿಗೆ ಬುದ್ಧಿ ಹೇಳುವವನಿಗೆ ತನ್ನ ಸರದಿ ಬಂದಾಗ ಅದು ಮೂರು ದಿನ ತಡವಾಗಿಯೇ ನೆನಪಾಗುವುದು.)

ರಸ್ತೆ ಬದಿಯ ರಿಪೇರಿಯವನ ಹತ್ತಿರ ಹ್ಯಾಂಡಲ್ ಬಿಚ್ಚಿಸಿದರು. "ಒಳಗಿನ ಕೊಳವೆಯೇ ಸೀಳಿದೆ ಸಾರ್. ಹುಟ್ಟುವಾಗಲೇ ಇದ್ದ ಸೀಳು. ಬಿಗಿ ಮಾಡಿದಷ್ಟೂ ಬಾಯಿ ಬಿಡುತ್ತೆ," ಎಂದ ಅವನಿಂದ ಅದನ್ನೇ ಬರೆಸಿಕೊಂಡು, ಗ್ರೀಸಿನ ಬೆರಳಚ್ಚಿನ ಸಮೇತ ಜೇಬಿಗಿಳಿಸಿದರು. ಶನಿವಾರ ಬೆಳಿಗ್ಗೆ ತಮ್ಮದೇ ಮೇಜಿನ ಮುಂದೆ, ತಾವೇ ಕಕ್ಷಿದಾರರಾಗಿ ಕುಳಿತರು.

ಅರ್ಜಿಯ ಮೊದಲ ಎರಡು ಪ್ಯಾರಾಗಳಿಗೆ ಈ ಸಾಕ್ಷಿಯೇ ಸಾಕಿತ್ತು. ಆದರೆ ಮೇಷ್ಟ್ರದ್ದು ಆರು ಪ್ಯಾರಾಗಳ ಶೈಲಿ. ಮೊದಲೆರಡು ದೋಷಕ್ಕೆ, ಮೂರನೆಯದು ಮಾರಿದವನ ದುರಹಂಕಾರಕ್ಕೆ, ಉಳಿದ ಮೂರು ಕಣ್ಣೀರಿಗೆ. ಕಣ್ಣೀರಿಲ್ಲದ ಅರ್ಜಿ ಒಗ್ಗರಣೆಯಿಲ್ಲದ ಸಾರಿನಂತೆ ಎಂಬುದು ಅವರ ನಂಬಿಕೆ. ಆ ಮೂರು ಪ್ಯಾರಾಗಳು ಇಪ್ಪತ್ತು ವರ್ಷದಿಂದ ಅವರ ಬೆರಳಿನಲ್ಲೇ ಇದ್ದವು. ಎಷ್ಟೋ ಜನರ ಹೆಸರಿನಲ್ಲಿ ಅತ್ತು ಅತ್ತು ನುಣುಪಾಗಿದ್ದವು. ಲೇಖನಿ ತಾನಾಗಿಯೇ ಓಡಿತು. ಅರ್ಜಿ ಒಳಗೆ ಹೋಗಿ ಮೊಹರು ಬಿದ್ದು, ಬುಧವಾರ ವಿಚಾರಣೆ ಎಂಬ ಚೀಟಿ ಹೊರಗೆ ಬಂತು.

ಸಂಜೆ ಹೆಂಡತಿ ನಕಲು ಪ್ರತಿಯನ್ನು ಬೆಳಕಿಗೆ ಹಿಡಿದು ಓದಿದರು.

"ರೀ, ನಿಮ್ಮ ಮಂಡಿ ಯಾವಾಗ ಹೋಯ್ತು?"

"ಎಲ್ಲಿಗೂ ಹೋಗಿಲ್ಲ. ಅದು ಅರ್ಜಿಯ ಭಾಷೆ."

"ಹತ್ತು ಹೆಜ್ಜೆ ಆಚೆಗೆ ಲಾರಿ ನಿಂತಿದ್ರೂ ಕಾಣಲ್ಲ ಅಂತ ಬರೆದಿದೀರಿ. ಮೊನ್ನೆ ನಾನು ಡಬ್ಬದ ತಳದಲ್ಲಿ ಬಚ್ಚಿಟ್ಟ ಬಿಸ್ಕತ್ತು ಹೇಗೆ ಕಾಣಿಸ್ತು?"

"ನಿನಗೆ ಕಾನೂನು ಗೊತ್ತಾಗಲ್ಲ, ಸುಮ್ಮನಿರು."

"ನನಗೆ ಕನ್ನಡ ಗೊತ್ತಾಗುತ್ತೆ," ಎಂದು ಅವರು ಕಾಗದ ಮಡಚಿಟ್ಟರು. ಆದರೂ ದೂರು ಭಾನುವಾರದೊಳಗೆ ಕಚೇರಿ ಮುಟ್ಟಿದ್ದಕ್ಕೋ ಏನೋ, ಸೋಮವಾರದ ದಂಡಯಾತ್ರೆಯನ್ನು ಬುಧವಾರಕ್ಕೆ ಮುಂದೂಡಿದರು. "ನಾನೂ ಬರ್ತೀನಿ. ಸುಮ್ಮನೆ ಕೂತಿರ್ತೀನಿ."

ವಿಚಾರಣೆಯ ಕೊಠಡಿಯಲ್ಲಿ ಮೇಷ್ಟ್ರು ಒಂದು ಕಡೆ, ಅಂಗಡಿಯವನು ಇನ್ನೊಂದು ಕಡೆ, ನಡುವೆ ಗೋಡೆಗೊರಗಿ ಆರೋಪಿಯಂತೆ ಸೈಕಲ್ಲು. ಬಾಗಿಲ ಬಳಿ ಮೇಷ್ಟ್ರ ಕೈಯಲ್ಲಿ ಅರ್ಜಿ ಬರೆಸಿದ್ದ ಐದಾರು ಜನ ತಮ್ಮ ಸರದಿಗೆ ಕಾಯುತ್ತಿದ್ದರು. ವಿಚಾರಣೆ ನಡೆಸುವ ಕಚೇರಿಯ ಅಧ್ಯಕ್ಷೆ ಕುರ್ಚಿಯಿಂದ ಎದ್ದು ಬಂದು ಹ್ಯಾಂಡಲ್ ತಿರುಗಿಸಿದರು, ಚಕ್ರ ನೋಡಿದರು, ರಿಪೇರಿಯವನ ಚೀಟಿ ಓದಿದರು.

"ಇದಕ್ಕೇನಂತೀರಿ?" ಎಂದು ಅಂಗಡಿಯವನನ್ನು ಕೇಳಿದರು.

"ಬೋರ್ಡು ಹಾಕಿದೀನಿ ಮೇಡಂ."

"ಬೋರ್ಡನ್ನ ಇಳಿಸಿ. ಹೊಸ ಸೈಕಲ್ ಕೊಡಿ."

ಮೇಷ್ಟ್ರ ಎದೆ ಒಂದು ಗೇಣು ಅಗಲವಾಯಿತು. ಹೆಂಡತಿಯ ಕಡೆ ತಿರುಗಿ ನೋಡಿದರು. ಇನ್ನು ಉಪ್ಪೇನು, ಬೇಕಾದರೆ ಫ್ರಿಜ್ಜನ್ನೇ ತರಬಲ್ಲೆ ಎಂಬಂತಿತ್ತು ಆ ನೋಟ. ಅಷ್ಟರಲ್ಲಿ ಅಧ್ಯಕ್ಷೆ ಕುರ್ಚಿಗೆ ಹಿಂದಿರುಗಿ ಪುಟ ತಿರುವಿದರು.

"ಇನ್ನೂ ಇದೆಯಲ್ಲ. 'ಅರ್ಜಿದಾರನು ಮಂಡಿಗಳು ಸವೆದು, ಹತ್ತು ಹೆಜ್ಜೆಯಾಚೆಗಿನ ಲಾರಿಯನ್ನೂ ಗುರುತಿಸಲಾರದ ದೃಷ್ಟಿಯವನಾಗಿದ್ದು...' ಆರನೆಯ ಪ್ಯಾರಾ: 'ಇನ್ನು ಜೀವಮಾನದಲ್ಲಿ ಯಾವ ವಾಹನವನ್ನೂ ನಡೆಸಲು ಶಕ್ತನಲ್ಲ.' ಇದು ನಿಜವೇನ್ರೀ?"

ಅಂಗಡಿಯವನಿಗೆ ಜೀವ ಬಂತು. "ಮೇಡಂ, ಅದು ಸುಳ್ಳಾದ್ರೆ ಇದೂ ಸುಳ್ಳಿರಬಹುದಲ್ವಾ? ಕೆಳಗೆ 'ಮೇಲ್ಕಂಡ ಎಲ್ಲವೂ ಸತ್ಯ' ಅಂತ ರುಜು ಹಾಕಿದಾರೆ."

ಮೇಷ್ಟ್ರು ರುಜು ನೋಡಿದರು. ಬಾಗಿಲ ಬಳಿ ನಿಂತಿದ್ದವರನ್ನು ನೋಡಿದರು. ಅವರೆಲ್ಲರ ಅರ್ಜಿಯಲ್ಲೂ ಇವೇ ಮಂಡಿ, ಇವೇ ಕಣ್ಣು. ಸುಳ್ಳೆಂದರೆ ಸೈಕಲ್ಲೂ ಹೋಯಿತು, ಕಸುಬೂ ಹೋಯಿತು.

"ನಿಜ," ಎಂದರು. ಮಂಡಿಯ ಮೇಲೆ ಕೈಯೂರಿಕೊಂಡರು.

"ಹಾಗಿದ್ರೆ ನಿಮ್ಮ ಕೈಗೆ ಸೈಕಲ್ ಕೊಡಿಸಿದ್ರೆ ಊರಿನವರ ಗತಿ ಏನು? ಹಣ ವಾಪಸ್ ಕೊಡಿಸ್ತೀನಿ."

ಸುಮ್ಮನೆ ಕೂತಿರುತ್ತೇನೆಂದಿದ್ದ ಹೆಂಡತಿ ಎದ್ದರು. "ಬೇಡ ಮೇಡಂ, ಸೈಕಲ್ಲೇ ಕೊಡಿಸಿ. ನಾನು ಓಡಿಸ್ತೀನಿ. ಹೊಲಿದ ಬಟ್ಟೆ ಮನೆ ಮನೆಗೆ ಮುಟ್ಟಿಸೋಕಾಗುತ್ತೆ."

"ನಿಮಗೆ ಬರುತ್ತಾ?"

"ಮದುವೆಗೆ ಮುಂಚೆ ಕೈಬಿಟ್ಟು ಓಡಿಸ್ತಿದ್ದೆ."

ಮೇಷ್ಟ್ರು ಬೆರಗಾಗಿ ಪಿಸುಗುಟ್ಟಿದರು. "ನನಗೆ ಹೇಳಲೇ ಇಲ್ವಲ್ಲೇ?"

"ಹೇಳೋಕೆ ಮನೇಲಿ ಸೈಕಲ್ ಎಲ್ಲಿತ್ರೀ? ಕೊಡೆ ಇತ್ತು."

ಅಂದೇ ಹೆಂಡತಿ ಅಂಗಡಿಗೆ ಹೋಗಿ, ಏಳು ಸೈಕಲ್ಲುಗಳ ಹ್ಯಾಂಡಲ್ ತಿರುಗಿಸಿ, ಆರನ್ನು ಬೇಡವೆಂದು, ಏಳನೆಯದನ್ನು ಬೀದಿಯ ಕೊನೆಯವರೆಗೆ ಓಡಿಸಿ ನೋಡಿ ಆರಿಸಿಕೊಂಡರು. ಮುಂದೆ ಬುಟ್ಟಿ, ನಡುವೆ ಅಡ್ಡಪಟ್ಟಿಯಿಲ್ಲ. ಅಂಗಡಿಯವನು ಕೇಳದೆಯೇ ಗಂಟೆ ಹಾಕಿಕೊಟ್ಟ.

ಮೇಷ್ಟ್ರಿಗೆ ಒಳಗೊಳಗೇ ಒಂದು ಆಸೆಯಿತ್ತು: ನಾಲ್ಕು ದಿನ ಕಳೆಯಲಿ, ಜನ ಮರೆಯಲಿ, ಆಮೇಲೆ ತಾವೇ ಓಡಿಸಬಹುದು. ಆದರೆ ಅವರ ಮೇಜಿರುವುದು ದೂರು ಕಚೇರಿಯ ಮೆಟ್ಟಿಲ ಕೆಳಗೇ. ಅಧ್ಯಕ್ಷೆ ದಿನಕ್ಕೆ ನಾಲ್ಕು ಸಲ ಅದೇ ಮೆಟ್ಟಿಲು ಹತ್ತಿ ಇಳಿಯುತ್ತಾರೆ, "ಮಂಡಿ ಹೇಗಿದೆ?" ಎಂದು ವಿಚಾರಿಸುತ್ತಾರೆ. ಮೇಷ್ಟ್ರು ಎದ್ದು ನಿಂತು, ಸ್ವಲ್ಪ ಕುಂಟಿ, ಅವರು ನಿಂತ ಜಾಗಕ್ಕಿಂತ ಒಂದಡಿ ಪಕ್ಕಕ್ಕೆ ನಮಸ್ಕಾರ ಹಾಕುತ್ತಾರೆ.

ಹೀಗಾಗಿ ದಿನಾ ಬೆಳಿಗ್ಗೆ ಹೆಂಡತಿಯೇ ಅವರನ್ನು ಮೇಜಿಗೆ ಮುಟ್ಟಿಸಬೇಕಾಯಿತು. ಬುಟ್ಟಿಯಲ್ಲಿ ಹೊಲಿದ ಬಟ್ಟೆ, ಹಿಂದೆ ಮೇಷ್ಟ್ರು. ಒಂದು ದಿನ ಲಾರಿಗೆ ದಾರಿ ಬಿಡಲು ಹೆಂಡತಿ ಸೈಕಲ್ ಅಂಗಡಿಯ ಮುಂದೆಯೇ ಕಾಲೂರಿ ನಿಲ್ಲಿಸಿದರು. ಬಾಗಿಲಲ್ಲಿದ್ದ ಅಂಗಡಿಯವನು ಹಳೆಯದನ್ನೆಲ್ಲ ಮರೆತವನಂತೆ ಹತ್ತಿರ ಬಂದು, ಹಿಂದೆ ಕುಳಿತಿದ್ದ ಮೇಷ್ಟ್ರನ್ನು ವಿನಯದಿಂದಲೇ ಕೇಳಿದ:

"ಹೇಗಿದೆ ಸಾರ್ ಸೈಕಲ್ಲು? ಹ್ಯಾಂಡಲ್ ತಿರುಗಿಸಿದ ಕಡೆ ಹೋಗುತ್ತಾ?"

ಮೇಷ್ಟ್ರು ಕುಳಿತಲ್ಲೇ ಸ್ವಲ್ಪ ಸರಿದು, ಸರಿಯಾಗಿ ಕುಳಿತುಕೊಂಡರು.

"ಹ್ಯಾಂಡಲ್ ವಿಷಯ ಗೊತ್ತಿಲ್ಲಪ್ಪ. ಕ್ಯಾರಿಯರ್ ಗಟ್ಟಿಯಾಗಿದೆ."