ಹಲ್ಲು ನೋಡಿ ತಂದ ಗರಗಸ

ಅಬ್ಬಿಗೇರಿಯ ಹೊಳಿಯಪ್ಪ ಎಂದೂ ಎತ್ತಿನ ಬಾಯಿ ಬಿಡಿಸಿದವನಲ್ಲ. ಎತ್ತುಗಳೇ ಅವನನ್ನು ಕಂಡು ಬಾಯಿ ಬಿಡುತ್ತಿದ್ದವು ಎಂದು ಸುತ್ತಲ ಊರುಗಳಲ್ಲಿ ಪ್ರತೀತಿ. ಅವನು ದನದ ಸಂತೆಗೆ ಕಾಲಿಟ್ಟರೆ ದಲಾಲರು ಬೀಡಿ ಆರಿಸಿ ಎದ್ದು ನಿಲ್ಲುತ್ತಿದ್ದರಂತೆ. ಹರೆಯದ ಹೋರಿಗಳು ಡುಬ್ಬ ನಿಗುರಿಸಿ ಸಾಲಾಗಿ ನಿಲ್ಲುತ್ತಿದ್ದವಂತೆ. ವಯಸ್ಸು ಮುಚ್ಚಿಟ್ಟುಕೊಂಡ ಮುದಿ ಎತ್ತುಗಳು ಮಾತ್ರ ನಾಚಿ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದವಂತೆ. (ಈ ಕೊನೆಯ ಸಂಗತಿಗೆ ಇರುವ ಏಕಮಾತ್ರ ಸಾಕ್ಷಿ ಸ್ವತಃ ಹೊಳಿಯಪ್ಪ.) ಹಲ್ಲು ನೋಡಿ ವಯಸ್ಸು, ಸುಳಿ ನೋಡಿ ಗುಣ, ನಡಿಗೆ ನೋಡಿ ಬಾಳಿಕೆ ಹೇಳುವ ಈ ಪಾರಖಿ ಒಂದು ದನದ ಬಗ್ಗೆಯೂ ಸುಳ್ಳು ಹೇಳಿದ್ದಿಲ್ಲ. ತನ್ನದೇ ಎತ್ತು ಮಾರುವಾಗಲೂ ಅದರ ಐಬನ್ನು ಮೊದಲು ಹೇಳಿ, ದಲಾಲನ ಕಣ್ಣಲ್ಲಿ ನೀರು ತರಿಸಿದವನು.

ಕಾಲ ಬದಲಾಗಿ ಊರಿಗೆ ಟ್ರ್ಯಾಕ್ಟರ್ ಬಂದವು, ಹೊಳಿಯಪ್ಪನ ಕೊಟ್ಟಿಗೆ ಖಾಲಿಯಾಯಿತು. ವಿದ್ಯೆ ಮಾತ್ರ ಖಾಲಿಯಾಗಲಿಲ್ಲ. ಎತ್ತಿಲ್ಲದ ಪಾರಖಿ ಕಂಡದ್ದರ ಮೇಲೆಲ್ಲ ಅದನ್ನು ಪ್ರಯೋಗಿಸತೊಡಗಿದ. ಮಿಕ್ಸರ್ ಕೊಳ್ಳುವಾಗ ಅದು ತಿರುಗುತ್ತಿದ್ದಂತೆ ಬೆನ್ನ ಮೇಲೆ ಕೈಯಿಟ್ಟು ಮೈ ನಡುಗುತ್ತದೆಯೇ ನೋಡಿದ. ಟಿ.ವಿ.ಯ ಹಿಂದೆ ಹೋಗಿ ಸುಳಿ ಹುಡುಕಿದ. ಹಿಂದೆ, ಕೊಟ್ಟಿಗೆ ತುಂಬ ಎತ್ತುಗಳಿದ್ದ ಕಾಲದಲ್ಲೇ, ತನಗೆ ಹೆಣ್ಣು ನೋಡಲು ಹೋದಾಗ ಕೂಡ, "ಹುಡುಗಿ ಆ ಕಡೆಯಿಂದ ಈ ಕಡೆ ಒಂದು ಸಲ ನಡದು ಬರ್ಲಿರಿ" ಎಂದಿದ್ದನಂತೆ. ಆ ಮಾತಿಗೆ ಅನ್ನಪೂರ್ಣಾ ಬಾಗಿಲ ಮರೆಯಲ್ಲಿ ಬಾಯ್ತುಂಬ ನಕ್ಕಳು, ಕೇಳದೆಯೇ ಹಲ್ಲೂ ಕಂಡವು, ಮದುವೆ ನಿಶ್ಚಯವಾಯಿತು. ಅಂದು ನಕ್ಕದ್ದಕ್ಕೆ ಆಕೆ ಇಂದಿಗೂ ಪಶ್ಚಾತ್ತಾಪ ಪಡುತ್ತಿದ್ದಾಳೆ.

ಇಂಥ ಮನೆಯ ಹಿತ್ತಲಲ್ಲಿ ಒಂದು ಬಳ್ಳಾರಿ ಜಾಲಿ ಗಿಡವಿತ್ತು. ಯಾರೂ ನೆಟ್ಟದ್ದಲ್ಲ, ಯಾರೂ ನೀರು ಹಾಕಿದ್ದಲ್ಲ; ಬಂದು ಸೇರಿಕೊಂಡು, ತೊಡೆಯಷ್ಟು ದಪ್ಪವಾಗಿ, ಹಿತ್ತಲನ್ನೆಲ್ಲ ತನ್ನ ಹೆಸರಿಗೆ ಬರೆದುಕೊಂಡಿತ್ತು. ಆ ಹಿತ್ತಲಲ್ಲೇ ಮಗಳು ಕವಿತಾಳ ತವರಿನ ಕುಬಸ, ಅಂದರೆ ಸೀಮಂತ, ಆಗಬೇಕು. ಚಿಕ್ಕನರಗುಂದದ ಬೀಗರು ಬರುತ್ತಾರೆ. ಹಂದರ ಹಾಕಲು ಬೇರೆ ಜಾಗವಿಲ್ಲ. ಬಸುರಿ ಮಗಳು ಮುಳ್ಳಿನ ನಡುವೆ ಕಾಲಿಟ್ಟು ಬರುವುದನ್ನು ನೆನೆಸಿಕೊಂಡರೇ ಅನ್ನಪೂರ್ಣಾಳಿಗೆ ಊಟ ಸೇರುತ್ತಿರಲಿಲ್ಲ.

"ಕುಬಸದ ಒಳಗ ಆ ಗಿಡ ಹೋಗಬೇಕ್ರಿ" ಎಂದಳು. "ಕೊಡ್ಲಿ ಮೂಲ್ಯಾಗ ಐತಿ, ತಗೋರಿ."

ಆ ಕೊಡಲಿ ಆಕೆಯ ಜೊತೆಗೇ ತವರಿನಿಂದ ಬಂದದ್ದು. ಹೊಳಿಯಪ್ಪ ಅದನ್ನು ಎತ್ತಿ, ಬಾಯಿಯ ಮೇಲೆ ಹೆಬ್ಬೆರಳು ಆಡಿಸಿ, ಪಾರಖಿಯ ತೀರ್ಪು ಕೊಟ್ಟ: "ಇದು ಬಾಯಿ ಬೊಚ್ಚಾದ ಮುದುಕಿ. ಹಲ್ಲಿಲ್ಲದ್ದು ಎಂದಾರ ಜಾಲಿ ಕಡೀತೈತೇನು?"

"ಹಂಗಾರ ಬರೇ ಕಾವು ಬದಲಿ ಮಾಡ್ಕೋತ ಇಷ್ಟ ವರ್ಷ ಒಲಿಗೆ ಕಟಗಿ ಒಡದದ್ದು ಯಾರು?"

ತನಗೆ ಅನುಕೂಲವಲ್ಲದ ಪ್ರಶ್ನೆಗಳು ಹೊಳಿಯಪ್ಪನಿಗೆ ಕೇಳಿಸುವುದಿಲ್ಲ. ಅವನು ಗಿಡವನ್ನು ಅಳೆಯಲು ಹಿತ್ತಲಿಗೆ ನಡೆದ. ಅಳೆಯುವ ಮೊದಲೇ ಚಪ್ಪಲಿ ತೂರಿ ಬಂದ ಮುಳ್ಳೊಂದು ಅಂಗಾಲು ಹೊಕ್ಕಿತು. ಒಂಟಿ ಕಾಲಲ್ಲಿ ನಿಂತು, ಪಕ್ಕದ ಮನೆಯ ಜಮಾಲಬಿಯ ಆಡುಗಳೆಲ್ಲ ನೋಡುತ್ತಿರುವಂತೆಯೇ, ಅವನು ಘೋರ ಪ್ರತಿಜ್ಞೆ ಮಾಡಿದ: "ಕೈಯಾಗ ಮಷಿನ್ ಹಿಡದ ಹೊರತು ಈ ಹಿತ್ತಲಕ್ಕ ಕಾಲಿಡಂಗಿಲ್ಲ. ಮಷಿನ್ ತರತೇನಿ. ಎಂಥಾದ್ದು ತರತೇನಿ ಅಂದ್ರ, ಮೊಮ್ಮಗನ ಕಾಲಕ್ಕೂ ಬಾಳಿಕಿ ಬರಬೇಕು."

ಬಚ್ಚಲು ಇದ್ದದ್ದೂ ಹಿತ್ತಲಲ್ಲೇ, ಹೀಗಾಗಿ ಅಂದಿನಿಂದ ಸ್ನಾನ ಹೊಲದ ಬೋರಿನ ನೀರಿನಲ್ಲಿ. ಪ್ರತಿಜ್ಞೆಯೆಂದರೆ ಪ್ರತಿಜ್ಞೆ.

ಗಿಡ ಕೊಯ್ಯುವ ಮಷಿನ್ ಆಯ್ಕೆ ಒಬ್ಬರ ಕೆಲಸವಲ್ಲವಲ್ಲ. ಮನೆಯ ಮುಂದಿನ ಕಟ್ಟೆಯ ಮೇಲೆ ಸಭೆ ಕೂಡತೊಡಗಿತು. ಪಕ್ಕದ ಮನೆಯ ಬಾಷಾಸಾಬ, ಅಂದರೆ ಜಮಾಲಬಿಯ ಗಂಡ, ಮೆಣಸಿನಕಾಯಿ ವ್ಯಾಪಾರಿ, ಕಾಯಂ ಸದಸ್ಯ. ಟ್ರ್ಯಾಕ್ಟರ್ ಓಡಿಸುವ ಸಿದ್ದಲಿಂಗ ತಾಂತ್ರಿಕ ಸಲಹೆಗಾರ. ಉಳಿದವರು ಚಹಾದ ವಾಸನೆ ಹಿಡಿದು ಬಂದವರು.

"ಕರೆಂಟಿಂದು ತಗೋ ಹೊಳಿಯಪ್ಪಣ್ಣ, ಹಗರ ಇರತೈತಿ" ಎಂದ ಬಾಷಾಸಾಬ.

"ಕರೆಂಟ್ ಬರೂ ಹೊತ್ತಿಗೆ ಗಿಡ ಇನ್ನೊಂದು ಮಾರು ಬೆಳದಿರತೈತಿ" ಎಂದ ಸಿದ್ದಲಿಂಗ. "ಬ್ಯಾಟರಿದು ಬಂದಾವ. ಮೊಬೈಲ್‌ನಂಗ ಚಾರ್ಜ್‌ಗೆ ಹಾಕೂದು."

"ನಿನ್ನ ಮೊಬೈಲ್ ಮಾತಿನ ನಡುವ ಸಾಯತೈತಿ. ಮಷಿನ್ ಗಿಡದ ನಡುವ ಸತ್ರ ತಗಿಯಾವ್ರು ಯಾರು? ಪೆಟ್ರೋಲಿಂದೇ ಚಲೋ" ಎಂದು ಹೊಳಿಯಪ್ಪ ತೀರ್ಪು ಕೊಟ್ಟು, ಒಳಗೆ ಕೂಗಿದ: "ಅನ್ನಪೂರ್ಣಾ, ಇನ್ನೊಂದ ನಾಕ ಕಪ್ ಚಾ."

ಮೊಬೈಲಿನಲ್ಲಿ ವಿಡಿಯೋ ನೋಡಿದರು. ಯಾವುದೋ ದೇಶದ ಗಡ್ಡದವನೊಬ್ಬ ಕಣ್ಣು ಮುಚ್ಚಿ ತೆರೆಯುವುದರೊಳಗೆ ಗಗನಚುಂಬಿ ಗಿಡವೊಂದನ್ನು ಕೆಡವಿದ. ಸಭೆ ಉಸಿರು ಬಿಗಿಹಿಡಿಯಿತು. ಹೊಳಿಯಪ್ಪ ಮಾತ್ರ ಮೂಗು ಮುರಿದ. "ಅದು ಮೆತ್ತನ್ನ ಗಿಡ. ನಮ್ಮ ಜಾಲಿ ಮುಂದ ತಂದು ನಿಂದರಸ್ರಿ ಅವನ್ನ, ಗಡ್ಡ ಉಳೀತೈತೇನು ನೋಡೂನು."

ಅಷ್ಟರಲ್ಲಿ ಹಿತ್ತಲಿಂದ ಧಪ್ ಧಪ್ ಎಂದು ಸದ್ದು ಬಂತು.

"ಏನದು?" ಎಂದ ಸಿದ್ದಲಿಂಗ.

"ಕುಬಸಕ್ಕ ಚಟ್ನಿ ಪುಡಿ ಕುಟ್ಟಾಕತ್ತಿರಬೇಕು" ಎಂದ ಹೊಳಿಯಪ್ಪ. ಮತ್ತೆ ಒಳಗೆ ಕೂಗಿದ: "ಏ, ಇಲ್ಲಿ ದೊಡ್ಡ ವಿಚಾರ ನಡದೈತಿ. ಮೆಲ್ಲಕ ಕುಟ್ಟು."

ಸದ್ದು ತುಸು ನಿಂತಿತು. ಆಮೇಲೆ ಮೆಲ್ಲಗೆ ಮುಂದುವರಿಯಿತು.

ಹೀಗೆ ದಿನಗಳು ಕಳೆದವು. ಚಹಾ ಆಯಿತು, ಚುರುಮುರಿ ಆಯಿತು, ಮಿರ್ಚಿ ಆಯಿತು. ಗ್ಯಾಸಿನ ಸಿಲಿಂಡರು ಸಭೆಯ ಸೇವೆಯಲ್ಲಿ ಅಕಾಲ ಮರಣ ಹೊಂದಿತು. ಆದರೂ ಚಹಾ ಮಾತ್ರ ನಿಲ್ಲಲಿಲ್ಲ, ಮೊದಲಿಗಿಂತ ರುಚಿಯಾಗಿಯೇ ಬರತೊಡಗಿತು. ಯಾಕೆ ಎಂದು ಯಾರೂ ಕೇಳಲಿಲ್ಲ. ಮಧ್ಯಾಹ್ನ ಹಿತ್ತಲ ಬಾಗಿಲಿನಿಂದ ಬಿಸಿಲು ಪಡಸಾಲೆಯವರೆಗೂ ನುಗ್ಗತೊಡಗಿದಾಗ ಹೊಳಿಯಪ್ಪ ತನ್ನ ಹಾಸಿಗೆಯನ್ನು ಗೋಡೆಗೆ ಸರಿಸಿಕೊಂಡು, "ಈ ವರ್ಷ ಬಿಸಲು ಭಾಳ" ಎಂದು ಮಗ್ಗಲು ಬದಲಿಸಿದ.

ಕೊನೆಗೆ ಹೊಳಿಯಪ್ಪ ಮತ್ತು ಬಾಷಾಸಾಬ ಗಜೇಂದ್ರಗಡಕ್ಕೆ ದಂಡೆತ್ತಿ ಹೋದರು. ಅಲ್ಲಿ ಬಾಷಾಸಾಬನ ಅಣ್ಣನ ಮಗ ಅಯಾಜನದು ಕೃಷಿ ಯಂತ್ರಗಳ ಅಂಗಡಿ. ಕಳೆ ಕತ್ತರಿಸುವ ಮಷಿನ್, ಔಷಧ ಹೊಡೆಯುವ ಪಂಪು, ಗುಂಡಿ ತೋಡುವ ಮಷಿನ್, ಮತ್ತು ಒಂದು ಗೋಡೆಯ ತುಂಬ ಸರಪಳಿ ಗರಗಸಗಳು. ಹೊಳಿಯಪ್ಪ ಬಾಗಿಲಲ್ಲೇ ನಿಂತು ಒಮ್ಮೆ ಎಲ್ಲವನ್ನೂ ದಿಟ್ಟಿಸಿದ. ಎಷ್ಟೋ ವರ್ಷಗಳ ಮೇಲೆ ಸಂತೆಯ ವಾಸನೆ ಮೂಗಿಗೆ ಬಡಿದಂತಾಯಿತು.

ಮೊದಲ ಗರಗಸದ ಮುಂದೆ ಕುಕ್ಕರಗಾಲಲ್ಲಿ ಕುಳಿತು ಸರಪಳಿಯ ಹಲ್ಲುಗಳನ್ನು ಒಂದೊಂದಾಗಿ ಎಣಿಸತೊಡಗಿದ.

"ಕಾಕಾ, ಹಲ್ಲಿನ ಲೆಕ್ಕ ಬ್ಯಾಡ್ರಿ" ಎಂದ ಅಯಾಜ. "ಸರಪಳಿ ಸವದ್ರ ಬದಲಿ ಮಾಡಬಹುದು. ಇಂಜಿನ್ ನೋಡ್ರಿ, ಸಾಮಾನು ನಮ್ಮಲ್ಲೇ ಸಿಗತಾವೇನ್ ಕೇಳ್ರಿ, ಕೈಯಾಗ ಹಿಡದು ಭಾರ ನೋಡ್ರಿ."

"ಹಲ್ಲ ಬದಲಿ ಮಾಡಬಹುದು?" ಹೊಳಿಯಪ್ಪ ಬಾಷಾಸಾಬನ ಕಡೆ ತಿರುಗಿದ. "ಕೇಳಿದೇನೋ ಬಾಷಾ? ಸಂತ್ಯಾಗ ಇಂಥ ಮಾತು ಆಡಿದ್ರ ದಲಾಲನ್ನ ಹೊರಗ ಹಾಕತಿದ್ರು."

ಅಯಾಜ ಹಗ್ಗ ಎಳೆದು ಒಂದನ್ನು ಚಾಲೂ ಮಾಡಿದ. ಹೊಳಿಯಪ್ಪ ಅದರ ಬೆನ್ನ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿದ. "ಮೈ ನಡುಗತೈತಿ. ಜ್ವರ ಐತಿ ಇದಕ್ಕ." ಎರಡನೆಯದು ಹೊಗೆ ಬಿಟ್ಟಿತು: "ದಮ್ಮಿನ ಜಡ್ಡು." ಮೂರನೆಯದು ಎಳೆದ ಕೂಡಲೇ ಚಾಲೂ ಆಯಿತು: "ಕರದ ಕೂಡ್ಲೇ ಎದ್ದು ಬರಾವ ನಂಬಿಗಸ್ತ ಅಲ್ಲ." ಮೂಲೆಯಲ್ಲಿದ್ದ ಅತಿ ಭಾರದ ಗರಗಸವೊಂದು ಹಲವು ಸಲ ಎಳೆಸಿಕೊಂಡು, ಗಂಭೀರವಾಗಿ ಗುರುಗುಟ್ಟಿ, ಮೈ ಅಷ್ಟಾಗಿ ಅಲುಗಿಸದೆ ನಿಂತಿತು. ಹೊಳಿಯಪ್ಪ ಅದನ್ನು ಒಂದು ಸುತ್ತು ಹಾಕಿ, ಸುಳಿ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಹೆಗಲ ಟವೆಲ್ ತೆಗೆದು ಅಯಾಜನ ಕೈ ಮೇಲೆ ಹಾಸಿದ. ದನದ ಸಂತೆಯ ಪದ್ಧತಿಯಂತೆ ಟವೆಲಿನ ಕೆಳಗೆ ಅವನ ಬೆರಳು ಹಿಡಿದು ಒತ್ತತೊಡಗಿದ.

ಅಯಾಜ ಹೌಹಾರಿದ. "ಕಾಕಾ, ಕೈ ಯಾಕ ಹಿಡದ್ರಿ?"

"ರೇಟ್ ಹೇಳಾಕತ್ತೇನಿ. ಸುಮ್ನಿರು."

"ರೇಟ್ ಬಾಕ್ಸ್ ಮ್ಯಾಲೇ ಬರದೈತ್ರಿ."

"ಮೆಲ್ಲಕ ಮಾತಾಡು" ಎಂದು ಗದರಿದ ಹೊಳಿಯಪ್ಪ. "ಮಾಲಿನ ಮುಂದ ರೇಟ್ ಹೇಳಬಾರದು. ಅದಕ್ಕ ಸೊಕ್ಕು ಬರತೈತಿ."

ಅಯಾಜ ಕಚಗುಳಿ ತಾಳಲಾರದೆ ಒಪ್ಪಿಕೊಂಡ. ಪೆಟ್ರೋಲಿನಲ್ಲಿ ಎಷ್ಟು ಆಯಿಲ್ ಬೆರೆಸಬೇಕು, ಸರಪಳಿ ಎಷ್ಟು ಬಿಗಿ ಇರಬೇಕು, ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು ಯಾಕೆ ಬೇಕು ಎಂದೆಲ್ಲ ವಿವರಿಸಿದ. ಹೊಳಿಯಪ್ಪ ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದ: "ಮೈ ಮ್ಯಾಲೆ ಬಂದು ಹಾಯತೈತೇನು?"

ಮನೆಗೆ ಬಂದ ಗರಗಸಕ್ಕೆ ಬಾಗಿಲಲ್ಲಿ ಆರತಿ ಆಗಬೇಕೆಂದು ಹೊಳಿಯಪ್ಪ ಹಟ ಹಿಡಿದ. ಅನ್ನಪೂರ್ಣಾ ಆರತಿ ಎತ್ತಿದಳು. ಆಕೆಯ ಅಂಗೈಯಲ್ಲಿ ಹೊಸ ಬೊಬ್ಬೆಗಳಿದ್ದವು. ಹಲ್ಲು ನೋಡುವ ಕಣ್ಣಿಗೆ ಅಂಗೈ ಕಾಣಲಿಲ್ಲ. ಗರಗಸವನ್ನು ಕೊಟ್ಟಿಗೆಯಲ್ಲಿ, ಹಿಂದೆ ಎತ್ತುಗಳು ಮೇವು ತಿನ್ನುತ್ತಿದ್ದ ಗ್ವಾದಲಿಯಲ್ಲಿ, ಜೋಳದ ಕಣಿಕೆ ಹಾಸಿ ಮಲಗಿಸಲಾಯಿತು.

"ನಾಳೆ ಕಡೀತೀರೇನು?" ಎಂದಳು ಅನ್ನಪೂರ್ಣಾ.

"ಹೊಸಾದು. ಮನಿಗೆ ಹೊಂದಿಕೊಳ್ಳಲಿ. ಬಂದ ಕೂಡ್ಲೇ ಹೂಡಿದ್ರ ಮುನಿಸ್ಕೋತೈತಿ."

ಅದು ಹೊಂದಿಕೊಳ್ಳುವ ಹೊತ್ತಿಗೆ ಅಮಾವಾಸ್ಯೆ ಬಂತು. ಅಮಾವಾಸ್ಯೆಗೆ ಎತ್ತು ಹೂಡುವುದುಂಟೆ? ಅದರ ಮರುದಿನ ಸೋಮವಾರ. ಸೋಮವಾರ ಬಸವಣ್ಣನಿಗೆ ವಿಶ್ರಾಂತಿ. "ಅದು ಪೆಟ್ರೋಲ್ ಕುಡಿಯೂ ಬಸವಣ್ಣ ಏನ್ರಿ?" ಎಂದು ಅನ್ನಪೂರ್ಣಾ ಕೇಳಿದಳು. "ದುಡಿಯಾವಂದು ಯಾವ ಜಾತಿ ಆದ್ರೇನು, ರಜಾ ಬೇಕು" ಎಂದು ಅವನು ಹೇಳಿದ. ಕುಬಸ ಬುಧವಾರ. ಆಕೆ ಹೆಚ್ಚು ಮಾತಾಡದೆ ಹಿತ್ತಲಿಗೆ ಹೋದಳು. ಧಪ್ ಧಪ್ ಸದ್ದು ಸಂಜೆಯವರೆಗೂ ಕೇಳಿ, ಕೊನೆಗೆ ದೊಡ್ಡದೊಂದು ಸದ್ದಿನೊಂದಿಗೆ ನಿಂತಿತು. "ಚಟ್ನಿ ಕುಟ್ಟೂ ಒಳ್ಳು ಉರಳಿರಬೇಕು" ಎಂದುಕೊಂಡ ಹೊಳಿಯಪ್ಪ.

ಮಂಗಳವಾರ ಬೆಳಿಗ್ಗೆ ಸಭೆ ಪೂರ್ತಿ ನೆರೆಯಿತು. ಗರಗಸಕ್ಕೆ ವಿಭೂತಿ, ಕುಂಕುಮ, ಚೆಂಡು ಹೂವಿನ ಮಾಲೆ. ಕಾಯಿ ಒಡೆಯಿತು. ಹೊಳಿಯಪ್ಪ ಬೂಟು ಮೆಟ್ಟಿ, ಕನ್ನಡಕ ಹಾಕಿ, ಹಗ್ಗ ಎಳೆದ. ಎಳೆದು ಎಳೆದು ಅವನು ಬೆವೆತ ಮೇಲೆ ಅದು ಎದ್ದಿತು. ಎಂಥ ಗರ್ಜನೆ ಅದು. ಓಣಿಯ ನಾಯಿಗಳು ಪಕ್ಕದ ಓಣಿಗೆ ವರ್ಗವಾದವು. ಮುಂದೆ ಗರಗಸ, ಹಿಂದೆ ಹೊಳಿಯಪ್ಪ, ಅವನ ಹಿಂದೆ ಸಮಸ್ತ ಸಭೆ, ಪಡಸಾಲೆ ದಾಟಿ ಹಿತ್ತಲ ರಣರಂಗಕ್ಕೆ ಇಳಿಯಿತು.

ರಣರಂಗದಲ್ಲಿ ಹಂದರ ಹಾಕಿತ್ತು. ನೆಲ ಸಾರಿಸಿ ರಂಗೋಲಿ ಬಿಟ್ಟಿತ್ತು. ಗೋಡೆಗೆ ಒತ್ತಿ ಕಟ್ಟಿಗೆ ಒಟ್ಟಿತ್ತು. ಮುಳ್ಳಿನ ಟೊಂಗೆಗಳು ಹಿಂದಿನ ಬೇಲಿಯಾಗಿ ಬದಲಾಗಿದ್ದವು. ನಡುವೆ ನೆಲದಿಂದ ಗೇಣೆತ್ತರಕ್ಕೆ ಒಂದು ಬುಡ. ಬುಡದ ಮೇಲೆ ಅನ್ನಪೂರ್ಣಾ ಕುಳಿತು ಅಕ್ಕಿ ಹಸನು ಮಾಡುತ್ತಿದ್ದಳು. ಪಕ್ಕದಲ್ಲಿ ಜಮಾಲಬಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು.

ಅನ್ನಪೂರ್ಣಾ ಏನೋ ಹೇಳಿದಳು. ಗರ್ಜನೆಯಲ್ಲಿ ಕೇಳಿಸಲಿಲ್ಲ. ಆಕೆ ಕೈ ಸನ್ನೆ ಮಾಡಿದಳು. ಹೊಳಿಯಪ್ಪ ಗರಗಸ ಆರಿಸಿದ.

"ಅಕ್ಕ್ಯಾಗ ಧೂಳ ಬೀಳತೈತಿ ಅಂದೆ" ಎಂದಳು.

"ಗಿಡ ಎಲ್ಲಿ?"

"ಅರ್ಧ ನಿಮ್ಮ ಸಭಾದ ಚಾದಾಗ ಹೋತು. ಉಳದರ್ಧ ನಾಳಿನ ಹೋಳಗಿಗೆ ಐತಿ."

ಬಾಷಾಸಾಬ ಹೆಂಡತಿಯ ಕಡೆ ನೋಡಿದ. "ನೀನೂ ಕೂಡಿದ್ದೇನ?"

"ಜಾಲಿ ಕಾಯಿ ಎಲ್ಲಾ ನನ್ನ ಆಡು ತಿಂದಾವ" ಎಂದಳು ಜಮಾಲಬಿ ತಲೆಯೆತ್ತದೆ. "ಒಂದ ಕೈ ಹಚ್ಚದಿದ್ರ ಹ್ಯಾಂಗ?"

"ಚಟ್ನಿ ಕುಟ್ಟಾಕತ್ತಿದ್ದೆಲ್ಲಾ?" ಎಂದ ಹೊಳಿಯಪ್ಪ. ದನಿ ಸಣ್ಣಗಾಗಿತ್ತು.

"ಹಂಗಂತ ನೀವ ಅಂದ್ರಿ. ನಾ ಅಂದಿಲ್ಲ."

"ಒಂದ ಮಾತು ಹೇಳಬಾರದೇನು?"

"ಹೇಳಾಕ ಬಂದಾಗೆಲ್ಲಾ ಇನ್ನೂ ನಾಕ ಕಪ್ ಚಾ ಅಂದ್ರಿ."

ಸಭೆ ಸದ್ದಿಲ್ಲದೆ ಬರಖಾಸ್ತಾಯಿತು. ಗರಗಸ ಮಾಲೆಯ ಸಮೇತ ಗ್ವಾದಲಿಗೆ ಮರಳಿತು.

ಬುಧವಾರ ಕುಬಸ ಚೆನ್ನಾಗಿಯೇ ಆಯಿತು. ಹಸಿರು ಸೀರೆ ಉಟ್ಟು, ಮುಡಿ ತುಂಬ ಹೂ ಮುಡಿದ ಕವಿತಾ ಬರಿಗಾಲಲ್ಲಿ ಹಿತ್ತಲೆಲ್ಲ ಓಡಾಡಿದಳು. ಒಂದು ಮುಳ್ಳೂ ಚುಚ್ಚಲಿಲ್ಲ. ಊಟಕ್ಕೆ ಕುಳಿತಾಗ ಕವಿತಾಳ ಮಾವ, ಚಿಕ್ಕನರಗುಂದದ ಹನಮಪ್ಪ, ಎಲೆಯ ಪಕ್ಕದಲ್ಲಿದ್ದ ಬುಡದ ಮೇಲೆ ಕೈಯಾಡಿಸಿದ. ಬರುವಾಗಲೇ ಅವನು ಕೊಟ್ಟಿಗೆಯಲ್ಲಿ ಮಾಲೆ ಹಾಕಿಕೊಂಡು ಮಲಗಿದ್ದ ಗರಗಸವನ್ನು ಕಣ್ತುಂಬ ನೋಡಿ ಬಂದಿದ್ದ. ತನ್ನ ಹೊಲದ ಬದುವಿನಲ್ಲೂ ಜಾಲಿ ಬೆಳೆದಿತ್ತು. ಬೀಗನ ಪಾರಖಿತನದ ಮೇಲೆ ಅವನಿಗೆ ಸಂತೆಯ ಕಾಲದಿಂದಲೂ ಅಪಾರ ಭಕ್ತಿ.

"ಎಂಥಾ ಜಾಲಿ ಕೆಡವೈತಿ ನೋಡ್ರಿ" ಎಂದ ಹನಮಪ್ಪ, ಇಡೀ ಪಂಕ್ತಿಗೆ ಕೇಳುವಂತೆ. "ನಂಗೂ ಇಂಥಾದ್ದ ಒಂದು ಬೇಕ್ರಿ ಬೀಗರ. ಬಾಳಿಕಿ ಹ್ಯಾಂಗ?"

ಬಾಷಾಸಾಬ ಕೆಮ್ಮಿ, ಹೂಂ ಅನ್ನು ಎಂದು ಕಣ್ಣಲ್ಲೇ ಸೂಚಿಸಿದ. ಹೋಳಿಗೆಯ ಮೇಲೆ ತುಪ್ಪ ಬಡಿಸುತ್ತಿದ್ದ ಅನ್ನಪೂರ್ಣಾಳ ಕೈ ಹೊಳಿಯಪ್ಪನ ಎಲೆಯ ಮೇಲೆ ಅಂತರದಲ್ಲೇ ನಿಂತಿತು. ಹೂಂ ಎಂದರೆ ಮಾನ ಉಳಿಯುತ್ತಿತ್ತು. ಆದರೆ ಮಾಲಿನ ಬಗ್ಗೆ ಸುಳ್ಳಾಡದ ನಾಲಿಗೆ ಅದು.

"ಬಾಳಿಕಿ ಭಾಳ ಚಲೋ ಐತ್ರಿ" ಎಂದ ಹೊಳಿಯಪ್ಪ, ಎಲೆ ನೋಡುತ್ತ. "ನನ್ನ ಲಗ್ನದಿಂದ ಮನ್ಯಾಗ ಐತಿ."

ಹನಮಪ್ಪನಿಗೆ ಲೆಕ್ಕ ಹತ್ತಲಿಲ್ಲ. ಆದರೂ ಗುರುವಿನ ಪಾಠ ನೆನಪಿತ್ತು; ಉತ್ಸಾಹದಿಂದ ಮುಂದಕ್ಕೆ ಬಾಗಿದ. "ಮೊದಲ ಹಲ್ಲ ನೋಡಬೇಕು ಅಂತ ನೀವ ಹೇಳತಿದ್ರೆಲ್ಲಾ. ಇದಕ್ಕ ಹಲ್ಲ ಎಷ್ಟದಾವ್ರಿ?"

"ಹಲ್ಲಿಲ್ರಿ" ಎಂದ ಹೊಳಿಯಪ್ಪ. "ಅದು ಕೊಡ್ಲಿ."